ಜಿಆರ್‌ಇ, ಐಇಎಲ್‌ಟಿಎಸ್ ಪರೀಕ್ಷೆಗಳಿಗಾಗಿ ಇಂಗ್ಲಿಷ್ ಶಬ್ದಸಂಪತ್ತು ಬೆಳೆಸಿಕೊಳ್ಳುವ ಕ್ರಮ

ಧಾರವಾಡದ ಸಪ್ತಾಪುರದ ಓದುವ ಕೊಠಡಿಗಳಲ್ಲಿ ಒಂದು ಸುತ್ತು ಹಾಕಿದರೆ, ಒಂದೇ ಮೇಜಿನ ಈ ತುದಿಯಲ್ಲಿ ಕೇಂದ್ರ ಸರ್ಕಾರಿ ನೌಕರಿಯ ಎಸ್‌ಎಸ್‌ಸಿ ಪರೀಕ್ಷೆಗೆ ಓದುವವರು, ಆ ತುದಿಯಲ್ಲಿ ಹೊರದೇಶದ ಉನ್ನತ ವ್ಯಾಸಂಗಕ್ಕೆಂದು ಸ್ನಾತಕೋತ್ತರ ಪ್ರವೇಶದ ಜಿಆರ್‌ಇ ಅಥವಾ ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಐಇಎಲ್‌ಟಿಎಸ್‌ಗೆ ಸಿದ್ಧರಾಗುತ್ತಿರುವ ಕೃಷಿ, ಎಂಜಿನಿಯರಿಂಗ್ ಪದವೀಧರರು ಸಿಗುತ್ತಾರೆ. ಓದು ಬೇರೆ ಬೇರೆಯಾದರೂ ಹಲವರ ಮುಂದಿರುವ ವಸ್ತು ಒಂದೇ: ಅಕ್ಷರಾನುಕ್ರಮದಲ್ಲಿ ಜೋಡಿಸಿದ ಸಾವಿರಾರು ಇಂಗ್ಲಿಷ್ ಪದಗಳ ಜೆರಾಕ್ಸ್ ಪ್ರತಿ. ಅದರಲ್ಲಿ ಎ ಮತ್ತು ಬಿ ಅಕ್ಷರದ ಪುಟಗಳು ಮಾಸಿರುತ್ತವೆ, ಎಮ್ ದಾಟಿದ ಮೇಲೆ ಪುಟಗಳು ಹೊಸದಾಗಿಯೇ ಉಳಿದಿರುತ್ತವೆ. ಪಟ್ಟಿಯನ್ನು ಆರಂಭದಿಂದ ಬಾಯಿಪಾಠ ಮಾಡುವ ಈ ಪದ್ಧತಿಯನ್ನು ಬಿಟ್ಟು, ಪರೀಕ್ಷೆ ಪದವನ್ನು ಹೇಗೆ ಕೇಳುತ್ತದೆಯೋ ಹಾಗೆಯೇ ಕಲಿಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಕೆಲಸವೆಂದರೆ ನಿಮ್ಮ ಪರೀಕ್ಷೆಯ ಸ್ವರೂಪವನ್ನು ತಿಳಿದುಕೊಳ್ಳುವುದು. ಎಸ್‌ಎಸ್‌ಸಿಯಂತಹ ನೇಮಕಾತಿ ಪರೀಕ್ಷೆಗಳಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕ, ನುಡಿಗಟ್ಟು, ಒಂದು ವಾಕ್ಯಕ್ಕೆ ಒಂದು ಪದ ಎಂಬ ಬಗೆಯ ನೇರ ಪ್ರಶ್ನೆಗಳು ಇಂದಿಗೂ ಬರುತ್ತವೆ. ಅಲ್ಲಿ ಪಟ್ಟಿಯಿಂದ ಒಂದಿಷ್ಟು ಪ್ರಯೋಜನವಿದೆ. ಜಿಆರ್‌ಇ ಹಾಗಲ್ಲ. ಅದರಲ್ಲಿದ್ದ ವಿರುದ್ಧಾರ್ಥಕ ಮತ್ತು ಪದಸಾದೃಶ್ಯದ (ಅನಾಲಜಿ) ಪ್ರಶ್ನೆಗಳನ್ನು 2011ರ ಆಗಸ್ಟ್‌ನಲ್ಲಿಯೇ ತೆಗೆದುಹಾಕಲಾಯಿತು. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆಯನ್ನು ಮೊಟಕುಗೊಳಿಸಿದ ಮೇಲೆ ಭಾಷಾ ವಿಭಾಗದಲ್ಲಿ ಇರುವುದು ಒಟ್ಟು 27 ಪ್ರಶ್ನೆಗಳು, ಅವಕ್ಕೆ ದೊರೆಯುವುದು 41 ನಿಮಿಷ. ಇವುಗಳಲ್ಲಿ ಸುಮಾರು ಅರ್ಧದಷ್ಟು ಗದ್ಯಭಾಗ ಓದಿ ಉತ್ತರಿಸುವಂಥವು, ಉಳಿದವು ವಾಕ್ಯದ ಬಿಟ್ಟ ಸ್ಥಳ ತುಂಬುವಂಥವು. ಐಇಎಲ್‌ಟಿಎಸ್‌ನಲ್ಲಿ ಪದದ ಅರ್ಥವನ್ನು ಬಿಡಿಯಾಗಿ ಯಾರೂ ಕೇಳುವುದಿಲ್ಲ. ಬದಲಿಗೆ ಬರವಣಿಗೆ ಮತ್ತು ಮಾತು ಎರಡರಲ್ಲಿಯೂ ಅಂಕ ನೀಡುವ ನಾಲ್ಕು ಮಾನದಂಡಗಳಲ್ಲಿ ಪದಬಳಕೆಯೂ ಒಂದಾಗಿದ್ದು, ಕಾಲು ಭಾಗ ಅಂಕ ಅದನ್ನೇ ಅವಲಂಬಿಸಿದೆ. ಆದುದರಿಂದ ಜಿಆರ್‌ಇ ಬರೆಯುವವರು ಪದವನ್ನು ಓದಿ ಗುರುತಿಸಲು ಕಲಿತರೆ ಬಹುಮಟ್ಟಿಗೆ ಸಾಕು, ಐಇಎಲ್‌ಟಿಎಸ್ ಬರೆಯುವವರು ಅದನ್ನು ತಾವೇ ಬಳಸಲು ಕಲಿಯಬೇಕು.

ಜಿಆರ್‌ಇಯ ಒಂದು ಪ್ರಶ್ನೆಪ್ರಕಾರವನ್ನು ಬಿಡಿಸಿ ನೋಡಿದರೆ ಪಟ್ಟಿಯ ಮಿತಿ ಸ್ಪಷ್ಟವಾಗುತ್ತದೆ. ಒಂದು ವಾಕ್ಯ, ಒಂದು ಬಿಟ್ಟ ಸ್ಥಳ, ಆರು ಆಯ್ಕೆಗಳು. ವಾಕ್ಯಕ್ಕೆ ಒಂದೇ ಅರ್ಥ ಬರುವಂತೆ ಎರಡು ಪದಗಳನ್ನು ಆರಿಸಬೇಕು, ಒಂದು ಮಾತ್ರ ಸರಿಯಾದರೆ ಅಂಕವಿಲ್ಲ. ವಾಕ್ಯದ ತಿರುಳು ಹೀಗಿದೆಯೆಂದು ಇಟ್ಟುಕೊಳ್ಳಿ: ‘ಯಾವಾಗಲೂ ______ ಎಂದೇ ಹೆಸರಾಗಿದ್ದ ಪ್ರಾಧ್ಯಾಪಕರು ಅಂದಿನ ಸಭೆಯಲ್ಲಿ ಮಾತ್ರ ಒಂದು ಗಂಟೆ ಬಿಡದೆ ಮಾತನಾಡಿದರು.’ ಆಯ್ಕೆಗಳು ಟ್ಯಾಸಿಟರ್ನ್, ಲೊಕ್ವೇಶಸ್, ರೆಟಿಸೆಂಟ್, ಫ್ರೂಗಲ್, ಗ್ಯಾರುಲಸ್, ಎರುಡೈಟ್. ಲೊಕ್ವೇಶಸ್ ಮತ್ತು ಗ್ಯಾರುಲಸ್ ಎರಡೂ ವಾಚಾಳಿ ಎಂಬ ಅರ್ಥದವು, ಸಮಾನಾರ್ಥಕಗಳ ಜೋಡಿ. ಪಟ್ಟಿ ಓದಿದವನ ಕಣ್ಣಿಗೆ ಮೊದಲು ಬೀಳುವುದು ಅವೇ. ಆದರೆ ‘ಅಂದಿನ ಸಭೆಯಲ್ಲಿ ಮಾತ್ರ’ ಎಂಬ ಮಾತು ವಾಕ್ಯದ ದಿಕ್ಕನ್ನು ತಿರುಗಿಸುವುದರಿಂದ ಅಲ್ಲಿಗೆ ಬೇಕಾದದ್ದು ಮಾತು ಕಡಿಮೆ ಎಂಬ ಅರ್ಥ. ಸರಿಯುತ್ತರ ಟ್ಯಾಸಿಟರ್ನ್ ಮತ್ತು ರೆಟಿಸೆಂಟ್. ಆರೂ ಪದಗಳ ಅರ್ಥ ಗೊತ್ತಿದ್ದೂ ಇಲ್ಲಿ ತಪ್ಪಬಹುದು. ಹಾಗಾಗಿ ಆಯ್ಕೆಗಳನ್ನು ನೋಡುವ ಮೊದಲು ಬಿಟ್ಟ ಸ್ಥಳಕ್ಕೆ ಕನ್ನಡದಲ್ಲಿಯೇ ಒಂದು ಪದ ತುಂಬಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿರಿ. ಆದಾಗ್ಯೂ, ಹೊರತಾಗಿ, ಏಕೆಂದರೆ ಎಂಬ ಅರ್ಥದ ಜೋಡಣೆಯ ಪದಗಳ ಕೆಳಗೆ ಮನಸ್ಸಿನಲ್ಲಿಯೇ ಗೆರೆ ಎಳೆದು ಓದಿರಿ.

ಮುಂದಿನ ತೊಡಕು ಕನ್ನಡ ಅರ್ಥದಿಂದಲೇ ಬರುತ್ತದೆ. ಟ್ಯಾಸಿಟರ್ನ್, ರೆಟಿಸೆಂಟ್, ಲ್ಯಾಕೋನಿಕ್ ಮೂರಕ್ಕೂ ನಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ‘ಮಿತಭಾಷಿ’ ಎಂದೇ ಬರೆದಿರುತ್ತದೆ. ಸ್ವಭಾವದಿಂದಲೇ ಮಾತು ಕಡಿಮೆಯಿರುವವನು ಟ್ಯಾಸಿಟರ್ನ್. ತನಗೆ ಗೊತ್ತಿರುವುದನ್ನು ಅಥವಾ ತನ್ನ ಮನಸ್ಸಿನಲ್ಲಿರುವುದನ್ನು ಬಿಚ್ಚಿ ಹೇಳಲು ಹಿಂಜರಿಯುವವನು ರೆಟಿಸೆಂಟ್. ಎರಡೇ ಶಬ್ದದಲ್ಲಿ ಮುಗಿಸುವ ಉತ್ತರ ಲ್ಯಾಕೋನಿಕ್. ಇಂತಹ ಸೂಕ್ಷ್ಮಗಳ ಜೊತೆಗೆ ಪದದ ಧ್ವನಿಯನ್ನೂ ಗುರುತಿಸಬೇಕು. ಫ್ರೂಗಲ್ ಎಂದರೆ ಹಿತಮಿತವಾಗಿ ಖರ್ಚು ಮಾಡುವವನು, ಅದರಲ್ಲಿ ಮೆಚ್ಚುಗೆಯಿದೆ. ಪಾರ್ಸಿಮೋನಿಯಸ್ ಎಂದರೆ ಕೈ ಬಿಚ್ಚದ ಜಿಪುಣ, ಅದರಲ್ಲಿ ನಿಂದೆಯಿದೆ. ಪ್ರತಿ ಪದದ ಪಕ್ಕದಲ್ಲಿ ಮೆಚ್ಚುಗೆಗೆ ಕೂಡುವ ಚಿಹ್ನೆ, ನಿಂದೆಗೆ ಕಳೆಯುವ ಚಿಹ್ನೆ, ಎರಡೂ ಅಲ್ಲದ್ದಕ್ಕೆ ಸೊನ್ನೆ ಹಾಕಿಕೊಂಡರೆ, ಪರೀಕ್ಷೆಯ ದಿನ ಪೂರ್ಣ ಅರ್ಥ ನೆನಪಾಗದಿದ್ದರೂ ಈ ಚಿಹ್ನೆಯಾದರೂ ನೆನಪಿಗೆ ಬರುತ್ತದೆ. ಅನೇಕ ಪ್ರಶ್ನೆಗಳಲ್ಲಿ ಅಷ್ಟರಿಂದಲೇ ಎರಡು ಮೂರು ಆಯ್ಕೆಗಳನ್ನು ಬಿಡಬಹುದು. ಕನ್ನಡ ಅರ್ಥ ಬೇಡವೆಂದು ನಾನು ಹೇಳುತ್ತಿಲ್ಲ. ಪದದ ಮೊದಲ ಪರಿಚಯಕ್ಕೆ ಅದಕ್ಕಿಂತ ಬೇಗನೆ ಒದಗುವ ಸಾಧನವಿಲ್ಲ. ಆದರೆ ಅದರ ನಂತರ ಇಂಗ್ಲಿಷ್ ಕಲಿಯುವವರಿಗಾಗಿಯೇ ಸಿದ್ಧಪಡಿಸಿದ, ಉದಾಹರಣೆ ವಾಕ್ಯಗಳಿರುವ ಇಂಗ್ಲಿಷ್–ಇಂಗ್ಲಿಷ್ ನಿಘಂಟನ್ನು ತೆರೆಯಲೇಬೇಕು.

ಕಠಿಣ ಪದಗಳಿಗಿಂತ ಪರಿಚಿತ ಪದಗಳೇ ಹೆಚ್ಚು ಅಂಕ ಕಳೆಯುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಂಕಿನಲ್ಲಿ ಸಾಲ ಸ್ಯಾಂಕ್ಷನ್ ಆಯಿತು ಎಂದು ನಮ್ಮ ಕಡೆ ಓದು ಬಾರದವರೂ ಹೇಳುತ್ತಾರೆ. ಅದೇ ಪದಕ್ಕೆ ನಿರ್ಬಂಧ ಹೇರುವುದು ಎಂಬ ಅರ್ಥವೂ ಇದೆ. ಅರೆಸ್ಟ್ ಎಂದರೆ ಪೊಲೀಸರು ಹಿಡಿಯುವುದಷ್ಟೇ ಅಲ್ಲ, ಯಾವುದೇ ಬೆಳವಣಿಗೆಯನ್ನು ತಡೆದು ನಿಲ್ಲಿಸುವುದೂ ಹೌದು. ಚೆಕ್ ಎಂದರೆ ಹತೋಟಿಯಲ್ಲಿಡುವುದು, ಕ್ವಾಲಿಫೈ ಎಂದರೆ ಹೇಳಿದ ಮಾತಿಗೆ ಮಿತಿ ಹಾಕುವುದು, ಟೆಂಪರ್ ಎಂದರೆ ತೀವ್ರತೆಯನ್ನು ತಗ್ಗಿಸುವುದು, ಪೆಡೆಸ್ಟ್ರಿಯನ್ ಎಂದರೆ ಸಪ್ಪೆಯಾದ, ಹೊಸತನವಿಲ್ಲದ ಎಂಬ ಅರ್ಥಗಳು ಗದ್ಯಭಾಗಗಳಲ್ಲಿ ಸಾಮಾನ್ಯವಾಗಿ ಬರುತ್ತವೆ. ಬಾಯಲ್ಲಿ ಆಗಲೇ ಇರುವ ಪದ ಟಿಪ್ಪಣಿಗೆ ಇಳಿಯುವುದಿಲ್ಲ. ಆದಕಾರಣ ಓದುವಾಗ ಗೊತ್ತಿರುವ ಪದವೇ ವಾಕ್ಯದಲ್ಲಿ ಅರ್ಥ ಕೊಡದೆ ಕುಳಿತಿತೆಂದರೆ, ಅದನ್ನು ತಪ್ಪದೆ ಬರೆದಿಟ್ಟುಕೊಂಡು ನಿಘಂಟಿನ ಎರಡನೆಯ, ಮೂರನೆಯ ಅರ್ಥದವರೆಗೆ ಹೋಗಿ ನೋಡಿರಿ.

ಪದಮೂಲಗಳನ್ನು ಕಲಿಯುವ ವಿಷಯದಲ್ಲಿ ಕನ್ನಡ ಶಾಲೆಯಲ್ಲಿ ಓದಿದವರಿಗೆ ಒಂದು ಅನುಕೂಲವಿದೆ. ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಇವೆಲ್ಲ ಒಂದೇ ಧಾತುವಿಗೆ ಬೇರೆ ಬೇರೆ ಉಪಸರ್ಗ ಸೇರಿ ಆದವು ಎಂಬುದನ್ನು ಪ್ರೌಢಶಾಲೆಯ ವ್ಯಾಕರಣದಲ್ಲಿ ಹಲವರು ಕೇಳಿರುತ್ತಾರೆ. ಲ್ಯಾಟಿನ್ ಮೂಲದ ಇಂಗ್ಲಿಷ್ ಪದಗಳ ರಚನೆಯೂ ಇದೇ ರೀತಿಯದು. ಮಾತನಾಡು ಎಂಬ ಅರ್ಥದ ಲೊಕ್ವಿ ಧಾತುವಿನಿಂದ ಲೊಕ್ವೇಶಸ್, ಎಲೊಕ್ವೆಂಟ್, ಕಲೋಕ್ವಿಯಲ್, ಸಲಿಲಕ್ವಿ, ಸರ್ಕಮ್‌ಲೊಕ್ಯೂಷನ್ ಹುಟ್ಟಿವೆ. ಕೊನೆಯದರ ಸರ್ಕಮ್ ನಮ್ಮ ‘ಪರಿ’ಗೆ ಹತ್ತಿರದ್ದು, ಎಂದರೆ ವಿಷಯಕ್ಕೆ ಬಾರದೆ ಸುತ್ತಿ ಬಳಸಿ ಆಡುವ ಮಾತು. ಬೆನೆ ಎಂದರೆ ಸು, ಮಾಲ್ ಎಂದರೆ ದುರ್. ಹೀಗೆ ಒಂದು ಮೂಲದ ಸುತ್ತ ನಾಲ್ಕೈದು ಪದಗಳನ್ನು ಗುಂಪಾಗಿ ಬರೆದುಕೊಂಡರೆ ನೆನಪಿಗೆ ಹಿಡಿತ ಸಿಗುತ್ತದೆ. ಆದರೆ ಎಚ್ಚರಿಕೆಯೂ ಅದೇ ಉದಾಹರಣೆಯಲ್ಲಿದೆ: ಧಾತು ಗೊತ್ತಿದ್ದ ಮಾತ್ರಕ್ಕೆ ಆಹಾರ ಎಂದರೆ ತಿನ್ನುವುದು, ಸಂಹಾರ ಎಂದರೆ ಕೊಲ್ಲುವುದು ಎಂದು ಊಹಿಸಲು ಬಾರದು. ಇನ್ ಎಂಬುದನ್ನು ನಿಷೇಧಾರ್ಥವೆಂದುಕೊಂಡವನು, ಬೈಪಾಸ್ ರಸ್ತೆಯಲ್ಲಿ ಹೋಗುವ ಪೆಟ್ರೋಲ್ ಟ್ಯಾಂಕರ್‌ಗಳ ಹಿಂದಿನ ಇನ್‌ಫ್ಲೇಮಬಲ್ ಎಂಬ ಬರಹವನ್ನು ಉರಿಯದ ವಸ್ತು ಎಂದು ಓದಿಕೊಂಡಾನು! ಎನರ್ವೇಟ್ ಎಂಬುದಕ್ಕೆ ಎನರ್ಜಿಯ ಸಂಬಂಧವಿಲ್ಲ, ಅದರ ಅರ್ಥ ಬಲಗುಂದಿಸು; ರೆಸ್ಟಿವ್ ಎಂದರೆ ಚಡಪಡಿಸುವ; ನಾಯ್ಸಮ್ ಎಂದರೆ ದುರ್ವಾಸನೆಯ. ಮೂಲವನ್ನು ನೆನಪಿಗಾಗಿ ಬಳಸಿರಿ, ಊಹೆಗೆ ಅನಿವಾರ್ಯವಾದಾಗ ಮಾತ್ರ.

ಇನ್ನು ನಿತ್ಯದ ಅಭ್ಯಾಸ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ಒಂದೆರಡು ದಿನಗಳಲ್ಲಿಯೇ ಮರೆತುಹೋಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ್ದರು. ಅದಕ್ಕೆ ಉಪಾಯವೆಂದರೆ ಮರೆಯುವ ಹೊತ್ತಿಗೆ ಸರಿಯಾಗಿ ನೆನಪಿಸಿಕೊಳ್ಳುವುದು. ಎರಡೂ ಬದಿ ಖಾಲಿಯಿರುವ ಹಾಳೆಗಳನ್ನು ಅಂಗೈಯಗಲದ ಚೀಟಿಗಳಾಗಿ ಕತ್ತರಿಸಿಕೊಳ್ಳಿರಿ. ಮುಂಬದಿಯಲ್ಲಿ ಪದವನ್ನು ಬಿಟ್ಟ ಒಂದು ಇಂಗ್ಲಿಷ್ ವಾಕ್ಯವನ್ನೂ, ಹಿಂಬದಿಯಲ್ಲಿ ಪದ, ಅರ್ಥ, ಮೆಚ್ಚುಗೆ–ನಿಂದೆಯ ಚಿಹ್ನೆ ಮತ್ತು ಅದರ ಜೊತೆಗೆ ಸಾಮಾನ್ಯವಾಗಿ ಬರುವ ಒಂದೆರಡು ಪದಗಳನ್ನೂ ಬರೆಯಿರಿ. ಒಂದು ರಟ್ಟಿನ ಡಬ್ಬಿಯಲ್ಲಿ ಐದು ಮನೆ ಮಾಡಿ, ಮೊದಲ ಮನೆಯ ಚೀಟಿಗಳನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ ತೆಗೆಯಿರಿ. ಹಿಂಬದಿ ನೋಡದೆ ಹೇಳಲು ಬಂದರೆ ಚೀಟಿ ಮುಂದಿನ ಮನೆಗೆ, ಬಾರದಿದ್ದರೆ ಎಲ್ಲಿದ್ದರೂ ಮೊದಲ ಮನೆಗೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಈ ಪದ್ಧತಿಯನ್ನೇ ಆ್ಯಂಕಿ ಎಂಬ ತಂತ್ರಾಂಶ ತನ್ನದೇ ಲೆಕ್ಕಾಚಾರದಿಂದ ಮಾಡಿಕೊಡುತ್ತದೆ. ಕಂಪ್ಯೂಟರಿನಲ್ಲಿಯೂ ಆ್ಯಂಡ್ರಾಯ್ಡ್ ಮೊಬೈಲಿನಲ್ಲಿಯೂ ಅದು ಉಚಿತ. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ನಿಂತು ಹೋಗುವವರಿಗೆ, ಗದಗ ಅಥವಾ ಹಾವೇರಿಯಿಂದ ದಿನವೂ ರೈಲಿನಲ್ಲಿ ಓಡಾಡುವವರಿಗೆ ಮೊಬೈಲೇ ಅನುಕೂಲ. ಆದರೆ ಚೀಟಿಯನ್ನು ಸ್ವಂತ ವಾಕ್ಯದೊಡನೆ ತಾವೇ ಬರೆಯುವ ಶ್ರಮದಲ್ಲಿ ಅರ್ಧ ಕಲಿಕೆ ಆಗಿಬಿಡುವುದರಿಂದ, ಬೇರೆಯವರು ಮಾಡಿಟ್ಟ ಸಾವಿರ ಪದಗಳ ಕಟ್ಟನ್ನು ಇಳಿಸಿಕೊಳ್ಳುವುದು ನನಗೆ ಒಪ್ಪಿಗೆಯಲ್ಲ.

ದಿನಕ್ಕೆ ಹತ್ತು ಹೊಸ ಪದಗಳಿಗಿಂತ ಹೆಚ್ಚು ಬೇಡ. ವಾರದಲ್ಲಿ ಐದು ದಿನ ಹೊಸ ಪದ, ಉಳಿದೆರಡು ದಿನ ಹಳೆಯದರ ಪುನರಾವರ್ತನೆ ಎಂದು ಇಟ್ಟುಕೊಂಡರೆ 16 ವಾರಗಳಲ್ಲಿ 800 ಪದಗಳಾಗುತ್ತವೆ.

ಪದಗಳನ್ನು ಎಲ್ಲಿಂದ ಆರಿಸಿಕೊಳ್ಳಬೇಕು ಎಂಬುದೂ ಪರೀಕ್ಷೆಯನ್ನು ಅವಲಂಬಿಸಿದೆ. ಐಇಎಲ್‌ಟಿಎಸ್‌ಗೆ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ 570 ಪದಕುಟುಂಬಗಳ (ಒಂದು ಮೂಲಪದ ಮತ್ತು ಅದರಿಂದಾದ ರೂಪಗಳು ಸೇರಿ ಒಂದು ಕುಟುಂಬ) ಅಕೆಡೆಮಿಕ್ ವರ್ಡ್ ಲಿಸ್ಟ್ ಒಳ್ಳೆಯ ಆರಂಭ. ಪಟ್ಟಿಯನ್ನು ಬಾಯಿಪಾಠ ಮಾಡಲಿಕ್ಕಲ್ಲ, ಯಾವ ಪದಗಳನ್ನು ಬಳಸಲು ಇನ್ನೂ ಬರುವುದಿಲ್ಲ ಎಂದು ಗುರುತು ಹಾಕಿಕೊಳ್ಳಲಿಕ್ಕೆ. ಜಿಆರ್‌ಇಗೆ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ಉಚಿತವಾಗಿ ನೀಡುವ ಪವರ್‌ಪ್ರೆಪ್ ಮಾದರಿ ಪರೀಕ್ಷೆಗಳಿಂದ ತೊಡಗಿರಿ. ಪತ್ರಿಕೆಗಳ ಸಂಪಾದಕೀಯಗಳನ್ನು ಓದುವುದು ಒಳ್ಳೆಯದೇ, ಆದರೆ ಅಷ್ಟೇ ಸಾಲದು. ಜಿಆರ್‌ಇ ಗದ್ಯಭಾಗಗಳು ವಿಜ್ಞಾನ, ಇತಿಹಾಸ, ಕಲಾವಿಮರ್ಶೆಗಳ ಗಂಭೀರ ಬರಹದ ಧಾಟಿಯವು. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಲು ಅವಕಾಶವಿರುವವರು ವಾರಕ್ಕೆರಡು ಬಾರಿ ಅಲ್ಲಿನ ಇಂಗ್ಲಿಷ್ ನಿಯತಕಾಲಿಕೆಗಳಲ್ಲಿ ತಮ್ಮ ವಿಷಯದ್ದಲ್ಲದ ಒಂದು ದೀರ್ಘ ಲೇಖನವನ್ನು ಆರಿಸಿ, ಮೊದಲ ಸಲ ನಿಘಂಟಿಲ್ಲದೆ, ಎರಡನೆಯ ಸಲ ನಿಘಂಟಿನೊಡನೆ ಓದಬೇಕು. ಒಂದು ಲೇಖನದಿಂದ ಐದಾರು ಪದಗಳಿಗಿಂತ ಹೆಚ್ಚು ಎತ್ತಿಕೊಳ್ಳಬಾರದು.

ಐಇಎಲ್‌ಟಿಎಸ್ ಬರೆಯುವವರು ಭಾರವಾದ ಪದಗಳನ್ನು ತುರುಕುವ ಆಸೆಯನ್ನು ಬಿಡಬೇಕು. ಹೇರಳ ಎಂಬ ಅರ್ಥದ ಪ್ಲೆಥೊರಾ ಪದಕ್ಕೆ ನಮ್ಮ ಹುಡುಗರ ಪ್ರಬಂಧಗಳಲ್ಲಿ ಸಿಗುವ ಮನ್ನಣೆ ಇಂಗ್ಲಿಷರ ಬರಹದಲ್ಲಿಯೂ ಸಿಕ್ಕಿರಲಾರದು. ಪರೀಕ್ಷಕರು ನೋಡುವುದು ವೈವಿಧ್ಯದ ಜೊತೆಗೆ ನಿಖರತೆಯನ್ನು: ಯಾವ ಕ್ರಿಯಾಪದದ ಜೊತೆ ಯಾವ ನಾಮಪದ ಬರುತ್ತದೆ, ಕಾಗುಣಿತ ಸರಿಯಿದೆಯೇ ಎಂಬುದನ್ನು. ಬರೆದಂತೆ ಓದುವ ಲಿಪಿಗೆ ಒಗ್ಗಿದ ನಮ್ಮ ನಾಲಿಗೆ ಎಪಿಟಮಿಯನ್ನು ಎಪಿಟೋಮ್ ಎಂದೂ, ಫಸಾಡ್ ಎಂಬುದನ್ನು ಫೆಕೇಡ್ ಎಂದೂ ಓದಿಬಿಡುವುದರಿಂದ, ನಿಘಂಟಿನ ಧ್ವನಿಯನ್ನು ಕೇಳಿ ಉಚ್ಚಾರಣೆಯನ್ನು ಚೀಟಿಯ ಹಿಂಬದಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿಡುವುದು ಲೇಸು.

ಪರೀಕ್ಷೆಗೆ ಎರಡು ವಾರ ಇರುವಾಗ ಹೊಸ ಪದಗಳನ್ನು ನಿಲ್ಲಿಸಿ, ಹಳೆಯ ಚೀಟಿಗಳನ್ನು ಮತ್ತು ಸಮಯ ಹಿಡಿದು ಬಿಡಿಸುವ ಮಾದರಿ ಪತ್ರಿಕೆಗಳನ್ನು ಮಾತ್ರ ಇಟ್ಟುಕೊಳ್ಳಿರಿ. ಎಷ್ಟು ಓದಿದರೂ ಅಂದು ಅಪರಿಚಿತ ಪದ ಎದುರಾಗಿಯೇ ತೀರುತ್ತದೆ. ಆಗ ಮೊದಲು ವಾಕ್ಯದ ದಿಕ್ಕು, ಆಮೇಲೆ ಮೆಚ್ಚುಗೆ–ನಿಂದೆಯ ಧ್ವನಿ, ಕೊನೆಗೆ ಪದಮೂಲ ಎಂಬ ಕ್ರಮದಲ್ಲಿ ಆಯ್ಕೆಗಳನ್ನು ಬಿಡುತ್ತ ಬನ್ನಿರಿ; ಗೊತ್ತಿಲ್ಲದ ಪದವೆಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬೇಡಿರಿ, ಅದೇ ಉತ್ತರವಾಗಿರಬಹುದು. ಜಿಆರ್‌ಇ, ಐಇಎಲ್‌ಟಿಎಸ್‌ಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲದ ಕಾರಣ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಎಸ್‌ಎಸ್‌ಸಿ ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಪ್ರತಿ ತಪ್ಪಿಗೆ 0.50 ಅಂಕ ಕಳೆಯುವುದರಿಂದ, ಅಲ್ಲಿ ನಾಲ್ಕರಲ್ಲಿ ಎರಡು ಆಯ್ಕೆಗಳನ್ನಾದರೂ ಖಚಿತವಾಗಿ ತೆಗೆದುಹಾಕಲು ಸಾಧ್ಯವಾದಾಗ ಮಾತ್ರ ಊಹಿಸಿ ಗುರುತು ಮಾಡಿರಿ.