ಚಾರ್ಜಿಂಗ್‌ಗೆ ಸ್ಮಾರ್ಟ್ ಪ್ಲಗ್: ಕೊಳ್ಳುವ ಮುನ್ನ ಮೀಟರ್ ದೀಪ ಎಣಿಸಿ

ಬ್ಯಾಟರಿ ತುಂಬಿದೊಡನೆ ತಾನಾಗಿಯೇ ಕರೆಂಟ್ ಕಡಿದುಕೊಳ್ಳುವ ಸಾಕೆಟ್, ಫೋನಿನಿಂದಲೇ ಆನ್-ಆಫ್ ಮಾಡಬಹುದಾದ ಸ್ಮಾರ್ಟ್ ಪ್ಲಗ್, ಗೋಡೆಗೆ ಸಿಕ್ಕಿಸಿದರೆ ಸಾಕು ಬಿಲ್ ಇಳಿಯುತ್ತದೆ ಎನ್ನುವ ಹಸಿರು ದೀಪದ ಡಬ್ಬಿ. ಮೈಸೂರಿನ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಈ ಮೂರೂ ಬಗೆಯ ಸಾಧನಗಳು ಈಗ ಧಾರಾಳವಾಗಿ ಸಿಗುತ್ತವೆ. ಮನೆಯಲ್ಲಿ ನಾಲ್ಕು ಫೋನು, ಒಂದು ಲ್ಯಾಪ್‌ಟಾಪ್, ಕೆಲವರ ಮನೆಯಲ್ಲಿ ವಿದ್ಯುತ್ ಸ್ಕೂಟರ್ ಕೂಡ ಇರುವ ಈ ಕಾಲದಲ್ಲಿ, ಚಾರ್ಜಿಂಗ್‌ಗೆ ಹೋಗುವ ಕರೆಂಟನ್ನು ಉಳಿಸಬೇಕು ಎಂದು ಅನ್ನಿಸುವುದು ಸಹಜವೇ. ನನಗೂ ಹಾಗೆಯೇ ಅನ್ನಿಸಿ, ಸುಮಾರು ಒಂಬೈನೂರು ರೂಪಾಯಿ ಕೊಟ್ಟು ಒಂದು ಸ್ಮಾರ್ಟ್ ಪ್ಲಗ್ ತಂದಿದ್ದೆ. ಅದನ್ನು ತಂದ ಮೇಲೆ ಮಾಡಿದ ಲೆಕ್ಕವನ್ನು ತರುವ ಮೊದಲೇ ಮಾಡಬೇಕಿತ್ತು. ಆ ಲೆಕ್ಕವನ್ನು ನಿಮ್ಮ ಮನೆಯಲ್ಲೇ, ಒಂದು ರೂಪಾಯಿಯೂ ಖರ್ಚಿಲ್ಲದೆ ಮಾಡುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಮೀಟರ್ ಮುಂದೆ ನಿಲ್ಲಿ

ಮೈಸೂರು ಭಾಗಕ್ಕೆ ವಿದ್ಯುತ್ ಪೂರೈಸುವ ಸೆಸ್ಕ್ ಕಂಪನಿಯವರು ಹಾಕಿರುವ ಎಲೆಕ್ಟ್ರಾನಿಕ್ ಮೀಟರ್‌ನ ಮುಖದಲ್ಲಿ ಒಂದು ಸಣ್ಣ ಕೆಂಪು ದೀಪ ಆಗಾಗ ಮಿನುಗುತ್ತಿರುತ್ತದೆ. ಅದರ ಹತ್ತಿರ ಇಂಗ್ಲಿಷ್ ಅಕ್ಷರಗಳ ಜೊತೆ 3200 ಅಥವಾ 1600 ಎಂಬಂಥ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ದೀಪ ಅಷ್ಟು ಸಲ ಮಿನುಗುತ್ತದೆ ಎಂಬುದು ಆ ಸಂಖ್ಯೆಯ ಅರ್ಥ. 3200ರ ಮೀಟರ್ ಆಗಿದ್ದರೆ 1125ನ್ನು ಎರಡು ಮಿನುಗಿನ ನಡುವಿನ ಸೆಕೆಂಡುಗಳಿಂದ ಭಾಗಿಸಿ. ಆ ಹೊತ್ತಿಗೆ ಮನೆ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂಬುದು ಸಿಗುತ್ತದೆ. 1600ರ ಮೀಟರ್ ಆಗಿದ್ದರೆ 2250ನ್ನು ಭಾಗಿಸಬೇಕು.

ಒಂದು ಭಾನುವಾರ ಮಧ್ಯಾಹ್ನ ನಾನು ಫ್ರಿಜ್, ಫ್ಯಾನ್, ವೈ-ಫೈ ಡಬ್ಬಿ ಎಲ್ಲವನ್ನೂ ಆರಿಸಿ, ಖಾಲಿಯಾಗಿದ್ದ ಒಂದು ಫೋನನ್ನು ಮಾತ್ರ ಚಾರ್ಜ್‌ಗೆ ಹಾಕಿ, ಜಗುಲಿಯ ಮೀಟರ್ ಪೆಟ್ಟಿಗೆಯ ಮುಂದೆ ಗಡಿಯಾರ ಹಿಡಿದು ನಿಂತೆ. ದೀಪ ಒಮ್ಮೆ ಮಿನುಗಿತು. ಮತ್ತೆ ಮಿನುಗಲು 58 ಸೆಕೆಂಡು ಹಿಡಿಯಿತು, ಅಂದರೆ ಹತ್ತಿರ ಹತ್ತಿರ 19 ವ್ಯಾಟ್. ಅನಂತರ ಫೋನನ್ನು ತೆಗೆದು ಎರಡು ಕಿಲೋವ್ಯಾಟ್‌ನ ಗೀಸರ್ ಹಾಕಿದಾಗ ಅದೇ ದೀಪ ಸೆಕೆಂಡಿಗೆ ಎರಡು ಸಲದಂತೆ ಪಟಪಟನೆ ಬಡಿದುಕೊಳ್ಳತೊಡಗಿತು. ಕರೆಂಟ್ ಎಲ್ಲಿ ಹೋಗುತ್ತಿದೆ ಎಂಬುದನ್ನು ಯಾವ ಜಾಹೀರಾತಿಗಿಂತಲೂ ಸ್ಪಷ್ಟವಾಗಿ ಆ ದೀಪವೇ ಹೇಳುತ್ತದೆ. ಹಿರಿಯರಿಗೂ ಮಕ್ಕಳಿಗೂ ಇದನ್ನು ಒಮ್ಮೆ ತೋರಿಸಬೇಕೆಂಬುದು ನನ್ನ ಕೋರಿಕೆ. ಚಾರ್ಜರನ್ನು ಫೋನಿಲ್ಲದೆ ಸುಮ್ಮನೆ ಸಾಕೆಟ್‌ನಲ್ಲಿ ಬಿಟ್ಟು ಹದಿನೈದು ನಿಮಿಷ ಕಾದರೂ ದೀಪ ಮಿನುಗಲೇ ಇಲ್ಲ. ಮೀಟರ್ ಓಡತೊಡಗಲು ಒಂದು ಕನಿಷ್ಠ ಪ್ರಮಾಣದ ಕರೆಂಟ್ ಹರಿಯಬೇಕು. ಖಾಲಿ ಚಾರ್ಜರ್ ಎಳೆಯುವುದು ಅದಕ್ಕಿಂತಲೂ ಕಡಿಮೆ.

ಎರಡನೆಯ ಹೆಜ್ಜೆ: ವರ್ಷದ ಲೆಕ್ಕ ಹಾಕಿ

ಈಗಿನ ಫೋನುಗಳಲ್ಲಿ ಸಾಮಾನ್ಯವಾಗಿ 5000 ಎಂಎಎಚ್ ಬ್ಯಾಟರಿ ಇರುತ್ತದೆ. ಅದರಲ್ಲಿ ಹಿಡಿಯುವುದು ಸುಮಾರು 19 ವ್ಯಾಟ್-ಗಂಟೆಯಷ್ಟು ಶಕ್ತಿ. ಚಾರ್ಜರ್‌ನಲ್ಲೂ ಬ್ಯಾಟರಿಯಲ್ಲೂ ಬಿಸಿಯಾಗಿ ಹೋಗುವ ನಷ್ಟ ಸೇರಿಸಿ 25 ಎಂದು ಹಿಡಿಯೋಣ. ಹೀಗೆ ನಲವತ್ತು ಸಲ ಪೂರ್ತಿ ಚಾರ್ಜ್ ಮಾಡಿದರೆ ಸಾವಿರ ವ್ಯಾಟ್-ಗಂಟೆ, ಅಂದರೆ ಒಂದು ಯೂನಿಟ್ ಆಗುತ್ತದೆ. ದಿನವೂ ಒಮ್ಮೆ ಪೂರ್ತಿ ಚಾರ್ಜ್ ಮಾಡುವ ಫೋನಿಗೆ ವರ್ಷಕ್ಕೆ ಒಂಬತ್ತು ಯೂನಿಟ್. ತೆರಿಗೆ ಎಲ್ಲ ಸೇರಿಸಿ ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೂ ವರ್ಷದ ಖರ್ಚು 64 ರೂಪಾಯಿ ದಾಟುವುದಿಲ್ಲ. ಮನೆಯ ನಾಲ್ಕು ಫೋನುಗಳೂ ಸೇರಿ ತಿಂಗಳಿಗೆ ಮೂರು ಯೂನಿಟ್. ಇದು ಚಾರ್ಜ್ ಮಾಡಲು ತಗಲುವ ಪೂರ್ತಿ ಖರ್ಚು. ಇದನ್ನು ಯಾವ ಸಾಧನವೂ ಉಳಿಸಲಾರದು, ಏಕೆಂದರೆ ಫೋನು ಬೇಕೆಂದರೆ ಅಷ್ಟು ಶಕ್ತಿ ಬೇಕೇ ಬೇಕು. ಉಳಿಸಲು ಸಾಧ್ಯವಿರುವುದು ಎರಡೇ ಬಾಬ್ತು: ಬ್ಯಾಟರಿ ತುಂಬಿದ ಮೇಲೂ ಬೆಳಗಿನವರೆಗೆ ಹರಿಯುವ ಕರೆಂಟ್, ಮತ್ತು ಖಾಲಿ ಚಾರ್ಜರ್ ಹಗಲಿಡೀ ಎಳೆಯುವ ಕರೆಂಟ್.

ಬ್ಯಾಟರಿ ತುಂಬಿದಾಗ ಅದಕ್ಕೆ ಹರಿಯುವ ಕರೆಂಟನ್ನು ನಿಲ್ಲಿಸುವ ಏರ್ಪಾಡು ಫೋನಿನೊಳಗೇ ಇದೆ. ಆಮೇಲೆ ಹರಿಯುವುದು ಫೋನು ಎಚ್ಚರವಾಗಿರಲು ಬೇಕಾದಷ್ಟು ಮಾತ್ರ. ಅದನ್ನು ಧಾರಾಳವಾಗಿ ಒಂದು ವ್ಯಾಟ್ ಎಂದೇ ಹಿಡಿದರೂ ರಾತ್ರಿಯ ಆರು ಗಂಟೆಗೆ ಆರು ವ್ಯಾಟ್-ಗಂಟೆ, ವರ್ಷಕ್ಕೆ ಎರಡು ಯೂನಿಟ್ ಚಿಲ್ಲರೆ, ಅಂದರೆ 15 ರೂಪಾಯಿ. ಇನ್ನು ಖಾಲಿ ಚಾರ್ಜರ್. ಫೋನಿನ ಸಾಮಾನ್ಯ ಚಾರ್ಜರುಗಳಿಗೆ ಖಾಲಿ ಇರುವಾಗ 0.1 ವ್ಯಾಟ್ ಮೀರಕೂಡದು ಎಂಬ ನಿಯಮ ಅಮೆರಿಕದಲ್ಲಿ 2016ರಿಂದಲೂ ಯುರೋಪಿನಲ್ಲಿ 2020ರಿಂದಲೂ ಇದೆ. ಜಗತ್ತಿಗೆಲ್ಲ ಒಂದೇ ಮಾದರಿ ತಯಾರಿಸುವ ದೊಡ್ಡ ಕಂಪನಿಗಳ ಚಾರ್ಜರುಗಳಲ್ಲಿ ನಮಗೂ ಅದರ ಲಾಭ ಸಿಕ್ಕಿದೆ. ವರ್ಷವಿಡೀ ಸಾಕೆಟ್‌ನಲ್ಲೇ ಬಿಟ್ಟರೂ ಒಂದು ಯೂನಿಟ್ ಆಗುವುದಿಲ್ಲ, 6 ರೂಪಾಯಿ. ಎರಡೂ ಸೇರಿ ಉಳಿಸಬಹುದಾದ ಗರಿಷ್ಠ ಮೊತ್ತ 21 ರೂಪಾಯಿ. ನಾನು ಕೊಟ್ಟ ಒಂಬೈನೂರು ರೂಪಾಯಿ ಹಿಂದಿರುಗಲು ನಲವತ್ತಕ್ಕೂ ಹೆಚ್ಚು ವರ್ಷ ಬೇಕು.

ಅದಾದರೂ ಪ್ಲಗ್ ತಾನೇನೂ ಎಳೆಯದಿದ್ದರೆ. ಸ್ಮಾರ್ಟ್ ಪ್ಲಗ್ ನಿಮ್ಮ ಫೋನಿನ ಆಜ್ಞೆಗಾಗಿ ಹಗಲೂ ರಾತ್ರಿ ವೈ-ಫೈ ಸಂಪರ್ಕ ಹಿಡಿದುಕೊಂಡೇ ಇರಬೇಕು. ಅದಕ್ಕೆ ಅರ್ಧದಿಂದ ಒಂದು ವ್ಯಾಟ್ ಬೇಕಾಗುತ್ತದೆ, ಅಂದರೆ ವರ್ಷಕ್ಕೆ ನಾಲ್ಕರಿಂದ ಒಂಬತ್ತು ಯೂನಿಟ್. ಉಳಿತಾಯ ಮೂರು ಯೂನಿಟ್, ಉಳಿಸಲು ಬಂದ ಸಾಧನದ ಖರ್ಚು ಅದಕ್ಕಿಂತ ಹೆಚ್ಚು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಇಂಥ ಸಾಧನಗಳನ್ನು ಹೊಗಳುವ ಬರಹಗಳು ಹೆಚ್ಚಾಗಿ ಬರುವುದು ಗೋಡೆಯ ಸಾಕೆಟ್‌ಗೆ ಸ್ವಿಚ್ಚೇ ಇಲ್ಲದ ದೇಶಗಳಿಂದ. ಅಮೆರಿಕದಲ್ಲಿ, ಯುರೋಪಿನ ಬಹುಪಾಲು ಮನೆಗಳಲ್ಲಿ ಚಾರ್ಜರ್ ಆರಿಸಬೇಕೆಂದರೆ ಕಿತ್ತೇ ತೆಗೆಯಬೇಕು. ನಮ್ಮ ಬೋರ್ಡುಗಳಲ್ಲಿ ಪ್ರತಿ ಸಾಕೆಟ್‌ನ ಪಕ್ಕದಲ್ಲೇ ಸ್ವಿಚ್ ಇದೆ. ಆ ದೇಶಗಳಲ್ಲಿ ದುಡ್ಡು ಕೊಟ್ಟು ಕೊಳ್ಳುವ ಸೌಕರ್ಯ ನಮ್ಮ ಗೋಡೆಯಲ್ಲಿ ಮೊದಲಿನಿಂದಲೂ ಇದೆ.

ಮೂರನೆಯ ಹೆಜ್ಜೆ: ಗೃಹಜ್ಯೋತಿಯ ಮಿತಿ ನೋಡಿಕೊಳ್ಳಿ

2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಬಿಲ್‌ನಲ್ಲಿ ತಮ್ಮ ಅರ್ಹತಾ ಯೂನಿಟ್, ಅಂದರೆ ಉಚಿತವಾಗಿ ಸಿಗುವ ಯೂನಿಟ್ ಎಷ್ಟೆಂದು ಮೊದಲು ನೋಡಬೇಕು. ಬಹುತೇಕ ಮನೆಗಳಿಗೆ ಅದು 2022-23ರ ಸರಾಸರಿ ಬಳಕೆಯ ಮೇಲೆ ಶೇಕಡ 10 ಸೇರಿಸಿದ ಪ್ರಮಾಣ. ಅದರೊಳಗೇ ಬಳಕೆ ನಿಲ್ಲುತ್ತಿದ್ದರೆ ಮೂರು ಯೂನಿಟ್ ಉಳಿಸಿದರೂ ಬಿಲ್‌ನಲ್ಲಿ ವ್ಯತ್ಯಾಸವಾಗದು. ಅದನ್ನು ಮೀರಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ನಿಮ್ಮದೇ. 195, 198 ಎಂದು ಅಂಚಿನಲ್ಲಿ ಓಡುವ ಮನೆಗಳಿಗೆ ಪ್ರತಿ ಯೂನಿಟ್ಟೂ ಮುಖ್ಯ. ಆದರೆ ಅಲ್ಲಿಯೂ ಕೈ ಹಾಕಬೇಕಾದದ್ದು ಚಾರ್ಜರಿಗಲ್ಲ.

ಟಿವಿಯ ಸೆಟ್‌ಟಾಪ್ ಬಾಕ್ಸನ್ನು ನೋಡಿ. ರಿಮೋಟ್‌ನಲ್ಲಿ ಆರಿಸಿದ ಮೇಲೂ ಹಲವು ಮಾದರಿಗಳು ಹತ್ತು ವ್ಯಾಟ್‌ನ ಆಸುಪಾಸಿನಲ್ಲಿ ಎಳೆಯುತ್ತಲೇ ಇರುತ್ತವೆ. ಮುಟ್ಟಿದರೆ ಬೆಚ್ಚಗಿರುವುದೇ ಸಾಕ್ಷಿ. ದಿನಕ್ಕೆ ಹದಿನೆಂಟು ಗಂಟೆ ಹಾಗೆ ಬಿಟ್ಟರೆ ತಿಂಗಳಿಗೆ ಐದಾರು ಯೂನಿಟ್ ಆಯಿತು, ನಾಲ್ಕೂ ಫೋನುಗಳ ಒಟ್ಟು ಚಾರ್ಜಿಂಗ್‌ನ ಹೆಚ್ಚುಕಡಿಮೆ ಇಮ್ಮಡಿ. ಟಿವಿ ನೋಡದ ಹೊತ್ತಿನಲ್ಲೆಲ್ಲ ಗೋಡೆಯ ಸ್ವಿಚ್ ಆರಿಸಿಟ್ಟರೆ ಅಷ್ಟೂ ಉಳಿಯುತ್ತದೆ. ಹಳೆಯ 75 ವ್ಯಾಟ್‌ನ ಫ್ಯಾನ್ ದಿನಕ್ಕೆ ಹನ್ನೆರಡು ಗಂಟೆ ಓಡುವ ಕೋಣೆಗೆ ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ, 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೆ ತಿಂಗಳಿಗೆ ಹದಿನಾರು ಯೂನಿಟ್ ಉಳಿಯುತ್ತದೆ. ಸೀಲಿಂಗ್ ಫ್ಯಾನುಗಳಿಗೆ 2023ರ ಜನವರಿಯಿಂದ ಸ್ಟಾರ್ ಗುರುತು ಕಡ್ಡಾಯವಾಗಿರುವುದರಿಂದ ಅಂಗಡಿಯಲ್ಲೇ ಹೋಲಿಸಿ ನೋಡಬಹುದು. ಸ್ಮಾರ್ಟ್ ಪ್ಲಗ್‌ಗೆಂದು ತೆಗೆದಿಟ್ಟ ದುಡ್ಡನ್ನು ಈ ಫ್ಯಾನಿಗೆ ಸೇರಿಸಿ ಎಂಬುದು ನನ್ನ ಸ್ಪಷ್ಟ ಸಲಹೆ.

ನಾಲ್ಕನೆಯ ಹೆಜ್ಜೆ: ‘ಪವರ್ ಸೇವರ್’ ಡಬ್ಬಿಯನ್ನು ದೂರವಿಡಿ

ಗೋಡೆಗೆ ಸಿಕ್ಕಿಸುವ ಈ ಡಬ್ಬಿಗಳ ಒಳಗೆ ಸಾಮಾನ್ಯವಾಗಿ ಇರುವುದು ಒಂದು ಸಣ್ಣ ಕೆಪಾಸಿಟರ್ (ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು ಬಿಡುವ ಬಿಡಿಭಾಗ) ಮತ್ತು ಒಂದು ಎಲ್‌ಇಡಿ ದೀಪ. ಕೆಪಾಸಿಟರ್ ಇದ್ದರೆ ಬಿಲ್ ಇಳಿಯುತ್ತದೆ ಎಂಬ ಮಾರುವವರ ವಾದ ಮಂಡ್ಯದ ಕಡೆಯ ರೈತರಿಗೆ ನಂಬುವಂತೆಯೇ ಕೇಳಿಸುತ್ತದೆ, ಏಕೆಂದರೆ ಪಂಪ್‌ಸೆಟ್‌ಗೆ ಕೆಪಾಸಿಟರ್ ಹಾಕಿಸಿ ಎಂದು ವಿದ್ಯುತ್ ಇಲಾಖೆಯವರೇ ಹೇಳುವುದನ್ನು ಅವರು ಕೇಳಿದ್ದಾರೆ. ಪಂಪ್‌ಸೆಟ್‌ನ ಮೋಟಾರಿಗೆ ಅದು ನಿಜಕ್ಕೂ ಬೇಕು. ಲೈನಿನ ಮೇಲಿನ ಹೊರೆ ಇಳಿಯುತ್ತದೆ, ವೋಲ್ಟೇಜ್ ಸುಧಾರಿಸುತ್ತದೆ. ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಕಡಿಮೆಯಾದರೆ ಕಾರ್ಖಾನೆಗಳು ದಂಡ ಕಟ್ಟಬೇಕಾಗುವುದರಿಂದ ಅವರಿಗೂ ಅದು ಲಾಭದ್ದೇ. ಆದರೆ ಮನೆಯ ಮೀಟರ್ ಎಣಿಸುವುದು ನಿಜವಾಗಿ ಬಳಕೆಯಾದ ಶಕ್ತಿಯನ್ನು ಮಾತ್ರ. ಕೆಪಾಸಿಟರ್ ಹಾಕಿದರೂ ತೆಗೆದರೂ ಅದರ ಎಣಿಕೆ ಬದಲಾಗುವುದಿಲ್ಲ. ಅನುಮಾನವಿದ್ದರೆ ಫ್ಯಾನ್ ಮಾತ್ರ ಹಾಕಿಕೊಂಡು, ಡಬ್ಬಿ ಇದ್ದಾಗ ಮತ್ತು ಇಲ್ಲದಾಗ ಮೀಟರ್ ದೀಪದ ಮಿನುಗನ್ನು ಎಣಿಸಿ ನೋಡಿ. ನಮ್ಮ ಮಾವನವರ ಮನೆಯಲ್ಲಿ ಹಾಗೆ ಎಣಿಸಿದಾಗ ಒಂದು ಸೆಕೆಂಡಿನ ವ್ಯತ್ಯಾಸವೂ ಕಾಣಲಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬಹುದು?

ಬ್ಯಾಟರಿ ತುಂಬಿದ್ದನ್ನು ತಾನೇ ತಿಳಿಯದ ಸಾಧನಗಳು ಮನೆಯಲ್ಲಿದ್ದರೆ, ಗೊತ್ತುಮಾಡಿದ ಹೊತ್ತಿಗೆ ಕರೆಂಟ್ ಕಡಿಯುವ, ಮುನ್ನೂರರಿಂದ ಐನೂರು ರೂಪಾಯಿಯ ತಿರುಗಿಸುವ ಟೈಮರ್ ಒಳ್ಳೆಯ ಖರೀದಿ. ಅಗ್ಗದ ಎಮರ್ಜೆನ್ಸಿ ಲೈಟು, ಸೊಳ್ಳೆ ಬ್ಯಾಟು, ಹಳೆಯ ಟಾರ್ಚು ಈ ಗುಂಪಿಗೆ ಸೇರುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್. ಅದರಲ್ಲಿ ಸಾಮಾನ್ಯವಾಗಿ 12 ವೋಲ್ಟ್, 8 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಇರುತ್ತದೆ. ಮಾವನವರು ಭತ್ತದ ಗದ್ದೆಗೆ ಔಷಧಿ ಹೊಡೆದು ಬಂದ ಸಂಜೆ ಅದನ್ನು ಚಾರ್ಜ್‌ಗೆ ಹಾಕಿದರೆ ಮರುದಿನ ಮಧ್ಯಾಹ್ನದವರೆಗೆ ತೆಗೆಯುತ್ತಿರಲಿಲ್ಲ. ಎರಡನೆಯ ಬೆಳೆಗೇ ಬ್ಯಾಟರಿಯ ಎರಡೂ ಪಕ್ಕೆಗಳು ಬಸುರಿ ಹೊಟ್ಟೆಯಂತೆ ಉಬ್ಬಿ, ಸ್ಪ್ರೇಯರಿನ ತಳದಿಂದ ಅದನ್ನು ಹೊರಗೆ ಎಳೆಯುವುದೇ ಕಷ್ಟವಾಯಿತು. “ಅಳಿಯಂದ್ರೇ, ಹಸಿರು ದೀಪ ಬಂದಿತ್ತಲ್ಲ, ಇನ್ನೇನು ಆಗುತ್ತೆ ಅಂತ ಬಿಟ್ಟೆ” ಎಂದರು. ದೀಪದ ಬಣ್ಣ ಬದಲಾದರೂ ಕರೆಂಟ್ ನಿಲ್ಲದ ಚಾರ್ಜರುಗಳಿವೆ ಎಂಬುದು ನಮಗಿಬ್ಬರಿಗೂ ಆಗ ತಿಳಿಯಿತು. ಈಗ ಟೈಮರನ್ನು ಚಾರ್ಜರ್ ಜೊತೆ ಕೊಟ್ಟ ಕಾಗದದಲ್ಲಿ ಹೇಳಿರುವಷ್ಟು ಗಂಟೆಗೆ ತಿರುಗಿಸಿಡುತ್ತಾರೆ. ಉಳಿಯುವ ಕರೆಂಟ್ ಅತ್ಯಲ್ಪ. ಉಳಿಯುವುದು ಬ್ಯಾಟರಿ, ಹಂಗಾಮಿನ ನಡುವೆ ಕೆಲಸ ನಿಲ್ಲದಿರುವ ನಿಶ್ಚಿಂತೆ.

ಫೋನಿನ ಬ್ಯಾಟರಿಯ ಆಯುಷ್ಯದ ಚಿಂತೆಗಾದರೆ ಏನನ್ನೂ ಕೊಳ್ಳಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಎಂಬಲ್ಲಿ ಹೋದರೆ, ಇತ್ತೀಚಿನ ಹೆಚ್ಚಿನ ಫೋನುಗಳಲ್ಲಿ ಶೇಕಡ 80ಕ್ಕೆ ಚಾರ್ಜ್ ನಿಲ್ಲಿಸುವ ಅಥವಾ ನೀವು ಏಳುವ ಹೊತ್ತಿಗೆ ಸರಿಯಾಗಿ ತುಂಬಿಸುವ ಆಯ್ಕೆ ಸಿಗುತ್ತದೆ. ರಾತ್ರಿ ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡುವುದನ್ನು ಮಾತ್ರ ಬಿಡಬೇಕು. ಬ್ಯಾಟರಿಗೆ ಬಿಸಿಯೇ ದೊಡ್ಡ ಶತ್ರು. ಹೊಸ ಚಾರ್ಜರ್ ಕೊಳ್ಳುವಾಗ ಅದರ ಮೈಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತೂ, ಇಂಗ್ಲಿಷಿನ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇದೆಯೇ ನೋಡಿ. ಮನೆಯಲ್ಲಿ ಕೈಗೆ ಭಾರವೆನಿಸುವ, ಖಾಲಿ ಇದ್ದಾಗಲೂ ಬೆಚ್ಚಗಿರುವ ಹಳೆಯ ಕಾಲದ ಅಡಾಪ್ಟರುಗಳಿದ್ದರೆ, ಒಳಗೆ ತಾಮ್ರದ ಸುರುಳಿಯಿರುವ ಅವು ಎರಡು ಮೂರು ವ್ಯಾಟ್ ಎಳೆಯಬಲ್ಲವು. ಅವುಗಳ ಸ್ವಿಚ್ ತಪ್ಪದೆ ಆರಿಸಿ.

ಯೂನಿಟ್ ಅಳೆದು ತೋರಿಸುವ ಸ್ಮಾರ್ಟ್ ಪ್ಲಗ್‌ಗೆ ಒಂದು ಸದುಪಯೋಗವಿದೆ. ಒಂದೊಂದು ವಾರ ಒಂದೊಂದು ಉಪಕರಣಕ್ಕೆ ಹಾಕಿ, ಫ್ರಿಜ್ ಎಷ್ಟು, ಸೆಟ್‌ಟಾಪ್ ಬಾಕ್ಸ್ ಎಷ್ಟು ಎಂದು ಬರೆದುಕೊಳ್ಳಬಹುದು. ಬೀದಿಗೆ ಒಂದಿದ್ದರೆ ಸಾಕು. ನನ್ನದು ಈಗ ನಮ್ಮ ಬೀದಿಯಲ್ಲಿ ನಾಲ್ಕನೆಯ ಮನೆಯಲ್ಲಿದೆ.

ವಿದ್ಯುತ್ ಸ್ಕೂಟರಿನ ವಿಷಯ ಬೇರೆ. ಮೂರು ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಪೂರ್ತಿ ತುಂಬಲು ಸುಮಾರು ಮೂರೂವರೆ ಯೂನಿಟ್ ಬೇಕು, ನೂರ ನಲವತ್ತು ಸಲ ಫೋನ್ ಚಾರ್ಜ್ ಮಾಡಿದಷ್ಟು. ತುಂಬಿದಾಗ ನಿಲ್ಲಿಸುವ ಕೆಲಸವನ್ನು ಅದರ ಚಾರ್ಜರ್ ಮತ್ತು ಬ್ಯಾಟರಿಯೊಳಗಿನ ನಿಯಂತ್ರಕವೇ ಮಾಡುವುದರಿಂದ ನಡುವೆ ಸ್ಮಾರ್ಟ್ ಪ್ಲಗ್ ಹಾಕುವ ಅಗತ್ಯವಿಲ್ಲ. ಹಾಕಿದರೆ ಗಂಟೆಗಟ್ಟಲೆ ಭಾರಿ ಕರೆಂಟ್ ಹರಿಯುವ ದಾರಿಯಲ್ಲಿ ಬಿಸಿಯಾಗಬಲ್ಲ ಇನ್ನೊಂದು ಜೋಡಣೆ ಸೇರಿದಂತಾಗುತ್ತದೆ. ಆ ದುಡ್ಡಿನಲ್ಲಿ ಐಎಸ್‌ಐ ಗುರುತಿನ 16 ಆಂಪಿಯರ್ ಸಾಕೆಟ್, ಅದಕ್ಕೇ ಪ್ರತ್ಯೇಕವಾದ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಮಾಡಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಬೇಡಿ. ಮೊದಲ ದಿನ ಚಾರ್ಜ್‌ಗೆ ಹಾಕಿ ಒಂದು ಗಂಟೆಯಾದ ಮೇಲೆ ಸ್ವಿಚ್ ಆರಿಸಿ, ಪ್ಲಗ್‌ನ ಮೇಲ್ಮೈಯನ್ನು ಹಿಂಗೈಯಿಂದ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಸಾಕೆಟ್‌ನೊಳಗೆ ತಂತಿ ಸಡಿಲವಾಗಿರಬಹುದು. ಎಲೆಕ್ಟ್ರಿಷಿಯನ್ ಬಂದು ಸರಿಪಡಿಸುವವರೆಗೆ ಅಲ್ಲಿ ಚಾರ್ಜ್ ಹಾಕಬೇಡಿ.