ಕಂಬಿ ಹೊತ್ತ ಕೈಗೆ ಬ್ಯಾಂಡ್ ಕಟ್ಟಬೇಡಿ: ನೆಟ್ ಇಲ್ಲದೆ ಹೆಜ್ಜೆ ಎಣಿಸುವ ಬಗೆ

ನಾನು ಬನಹಟ್ಟಿಯ ನೇಕಾರ. ಮನೆಯ ಹಿಂದಿನ ಶೆಡ್‌ನಲ್ಲಿ ನಾಲ್ಕು ಪವರ್‌ಲೂಮ್ ಇವೆ. ವರ್ಷಕ್ಕೊಮ್ಮೆ, ಹೋಳಿ ಹುಣ್ಣಿಮೆ ಮುಗಿದ ಮೇಲೆ ಮಗ್ಗ ಬಂದ್ ಮಾಡಿ ಶ್ರೀಶೈಲಕ್ಕೆ ನಡೆದು ಹೋಗುತ್ತೇನೆ. ಯುಗಾದಿಯೊಳಗೆ ಮಲ್ಲಯ್ಯನ ಮುಂದೆ ನಿಲ್ಲಬೇಕು. ನಮ್ಮ ಕಡೆಯವರಿಗೆ ಭ್ರಮರಾಂಬೆ ಮನೆ ಮಗಳಿದ್ದ ಹಾಗೆ. ಅವಳಿಗೊಂದು ಸೀರೆ ಒಯ್ಯುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಹುನಗುಂದ, ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು ದಾಟಿ ಹೋಗಬೇಕು. 400 ಕಿಲೋಮೀಟರ್‌ಗಿಂತ ಜಾಸ್ತಿ. ಕೊನೆಗೆ ನಲ್ಲಮಲ ಕಾಡು. ಅಲ್ಲಿ ಫೋನಿನ ಮೇಲ್ತುದಿಯ ಕಡ್ಡಿಗಳೆಲ್ಲ ಮಾಯ.

ಶುಗರ್ ಬಂದಿದೆ ಎಂದು ಡಾಕ್ಟರ್ ಹೇಳಿದ ವರ್ಷ ಮಗಳು ಕೈಗೆ ಕಟ್ಟುವ ಫಿಟ್‌ನೆಸ್ ಬ್ಯಾಂಡ್ ತಂದುಕೊಟ್ಟಳು. ನನ್ನ ಅಳಿಯ, ಅಂದರೆ ಅಕ್ಕನ ಮಗ, ಅದನ್ನು ತಿರುವಿ ಮುರುವಿ ನೋಡಿ ಹೇಳಿದ: "ಮಾಮಾ, ಅಡವ್ಯಾಗ ನೆಟ್ ಇರಂಗಿಲ್ಲ. ನೆಟ್ ಇಲ್ಲಂದ್ರ ಇದು ಬರೇ ರಬ್ಬರ್ ಬಳಿ ನೋಡ್ರಿ." ಅವನ ಮಾತು ಅರ್ಧ ಸುಳ್ಳು, ಅರ್ಧ ನಿಜ. ಯಾವ ಅರ್ಧ ನಿಜ ಎಂಬುದು ಗೊತ್ತಿರಬೇಕು. ಅದು ಗೊತ್ತಿಲ್ಲದೆ ಮೊದಲ ವರ್ಷ ನಾನು ಫಜೀತಿಪಟ್ಟೆ.

ನೇಕಾರರ ಲೆಕ್ಕದಲ್ಲೇ ಹೇಳುತ್ತೇನೆ. ಬ್ಯಾಂಡ್ ಎಂದರೆ ಮಗ್ಗ. ಫೋನು ಮನೆಯ ಕಪಾಟು. ಇಂಟರ್‌ನೆಟ್ ಎಂದರೆ ಪೇಟೆಯಲ್ಲಿರುವ ಸಾವ್ಕಾರರ ಅಂಗಡಿ. ಬಟ್ಟೆ ನೇಯುವುದು ಮಗ್ಗದಲ್ಲಿ. ಅಂಗಡಿ ಬಾಗಿಲು ಹಾಕಿದೆ ಎಂದು ಮಗ್ಗ ನಿಲ್ಲುವುದಿಲ್ಲ ಅಲ್ವಾ? ಹಾಗೆಯೇ ಬ್ಯಾಂಡಿನೊಳಗೆ ಅಲುಗಾಟ ಹಿಡಿಯುವ ಚಿಕ್ಕ ಚಿಪ್ ಇರುತ್ತದೆ. ಕೈ ಬೀಸುವ ಲಯ ನೋಡಿ ಅದೇ ಹೆಜ್ಜೆ ಎಣಿಸುತ್ತದೆ. ಹಿಂಬದಿಯ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಏರಿಳಿತ ನೋಡಿ ನಾಡಿ ಬಡಿತ ಹೇಳುತ್ತದೆ. ಎರಡಕ್ಕೂ ನೆಟ್ ಬೇಡ, ಫೋನೂ ಬೇಡ. ಎಣಿಸಿದ್ದನ್ನು ಫೋನಿಗೆ ಸಾಗಿಸುವುದು ಬ್ಲೂಟೂತ್. ಅದಕ್ಕೂ ನೆಟ್ ಬೇಡ.

ನೆಟ್ ಬೇಕಾಗುವುದು ಮೊದಲ ಸಲ ಜೋಡಿಸುವಾಗ. ಆ್ಯಪ್ ಇಳಿಸಿಕೊಳ್ಳಬೇಕು, ಖಾತೆ ತೆರೆಯಬೇಕು, ಒಟಿಪಿ ಬರಬೇಕು. ಈ ಶಾಸ್ತ್ರ ಮುಗಿಯುವ ತನಕ ಬಹಳಷ್ಟು ಬ್ಯಾಂಡ್‌ಗಳು ಸಮಯವನ್ನೂ ತೋರಿಸದೆ "ಆ್ಯಪ್‌ಗೆ ಜೋಡಿಸಿ" ಎಂದು ಹಟ ಹಿಡಿಯುತ್ತವೆ. ಆಮೇಲೆ ಅಪ್‌ಡೇಟ್, ಹವಾಮಾನ, ಹೊಸ ಹೊಸ ಗಡಿಯಾರದ ಮುಖ, ಇವಕ್ಕೆ ನೆಟ್ ಬೇಕು. ನಡೆಯುವವನಿಗೆ ಇವು ಯಾವುವೂ ಬೇಕಿಲ್ಲ.

ಮೊದಲ ವರ್ಷದ ಫಜೀತಿ ಇಷ್ಟೇ. ಲಿಂಗಸುಗೂರು ದಾಟಿದ ಮೇಲೆ ಬ್ಯಾಂಡ್ ಫೋನಿಗೆ ಸಿಗುತ್ತಿರಲಿಲ್ಲ. ಜೊತೆಗಿದ್ದ ಹುಡುಗ "ರೀಸೆಟ್ ಮಾಡ್ರಿ ಕಾಕಾ, ಸರಿ ಆಗ್ತದ" ಎಂದ. ಮಾಡಿದೆ. ನಾಲ್ಕು ದಿನದ ಹೆಜ್ಜೆ ಅಳಿಸಿಹೋಯಿತು. ಆ್ಯಪ್ ಮತ್ತೆ ಲಾಗಿನ್ ಕೇಳಿತು. ಒಟಿಪಿ ಬರಲು ಟವರ್ ಇಲ್ಲ. ಮುಂದಿನ ದೊಡ್ಡ ಊರು ಬರುವ ತನಕ ಅಳಿಯ ಹೇಳಿದ ರಬ್ಬರ್ ಬಳೆಯನ್ನೇ ಹಾಕಿಕೊಂಡು ನಡೆದೆ. ಆದದ್ದೇನೆಂದರೆ, ಲೊಕೇಶನ್ ಬಂದ್ ಇತ್ತು. ಹಳೆಯ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಲೊಕೇಶನ್ ಆನ್ ಇರದಿದ್ದರೆ ಬ್ಲೂಟೂತ್ ಬ್ಯಾಂಡನ್ನು ಹುಡುಕುವುದೇ ಇಲ್ಲ. ಹಾಗಾಗಿ ದಾರಿಯಲ್ಲಿ ಬ್ಯಾಂಡ್ ಸಿಗದಿದ್ದರೆ ಲೊಕೇಶನ್ ಹಾಕಿ. ಬ್ಲೂಟೂತ್ ತೆಗೆದು ಮತ್ತೆ ಹಾಕಿ. ಫೋನ್ ಆಫ್ ಮಾಡಿ ಆನ್ ಮಾಡಿ. ರೀಸೆಟ್, ಅನ್‌ಪೇರ್, ಲಾಗೌಟ್ ಈ ಮೂರನ್ನು ಮಾತ್ರ ಮನೆಗೆ ಬರುವ ತನಕ ಮುಟ್ಟಲೇಬೇಡಿ.

ಹೊರಡುವ ಮುಂಚೆ ಮಾಡಬೇಕಾದ ಮುಖ್ಯ ಕೆಲಸ ಒಂದೇ. ಮನೆಯಲ್ಲೇ ಎರಡು ದಿನ ಡೇಟಾ, ವೈಫೈ ಎರಡನ್ನೂ ಬಂದ್ ಮಾಡಿ ಬ್ಯಾಂಡ್ ಬಳಸಿ ನೋಡಿ. ಸಂಜೆ ಆ್ಯಪ್ ತೆರೆಯಿರಿ. ಕೆಲವು ಆ್ಯಪ್ ಸುಮ್ನೆ ತೆರೆದುಕೊಂಡು ಬ್ಯಾಂಡಿನಿಂದ ಲೆಕ್ಕ ಎಳೆದುಕೊಳ್ಳುತ್ತವೆ. ಕೆಲವು ಚಕ್ರ ತಿರುಗಿಸುತ್ತ ಕೂರುತ್ತವೆ. ಫಿಟ್‌ಬಿಟ್‌ನಂಥವು ಲೆಕ್ಕವನ್ನು ತಮ್ಮ ಸರ್ವರ್‌ಗೇ ಕಳಿಸುವ ಜಾತಿಯವು, ಅವುಗಳ ಸಿಂಕ್‌ಗೆ, ಅಂದರೆ ಬ್ಯಾಂಡಿನ ಲೆಕ್ಕ ಆ್ಯಪ್‌ಗೆ ಸೇರಲು, ನೆಟ್ ಬೇಕೇ ಬೇಕು. ಅವು ನಿಮಿಷ ನಿಮಿಷದ ವಿವರವನ್ನು ಬ್ಯಾಂಡಿನಲ್ಲಿ 7 ದಿನ, ದಿನದ ಮೊತ್ತವನ್ನು 30 ದಿನ ಇಟ್ಟುಕೊಳ್ಳುತ್ತವೆ. ನಿಮ್ಮ ಬ್ಯಾಂಡ್ ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂದು ಅದರ ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ಅಷ್ಟು ದಿನದೊಳಗೆ ಒಮ್ಮೆಯಾದರೂ ನೆಟ್ ಸಿಗುವ ಊರಿನಲ್ಲಿ ಸಿಂಕ್ ಮಾಡಬೇಕು. ಗಾರ್ಮಿನ್‌ನ ಅನೇಕ ವಾಚ್‌ಗಳನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿದರೆ ಪೆನ್‌ಡ್ರೈವ್ ಹಾಗೆ ಫೈಲ್ ಸಿಗುತ್ತದೆ, ನೆಟ್ ಗೊಡವೆಯೇ ಇಲ್ಲ. ಆದರೆ ಬೆಲೆ ನಮ್ಮಂಥವರಿಗಲ್ಲ.

ಕಂಪನಿಯ ಆ್ಯಪ್ ಕಾಟ ಬೇಡ ಎನ್ನುವವರಿಗೆ ಗ್ಯಾಜೆಟ್‌ಬ್ರಿಜ್ ಎಂಬ ಬೇರೊಂದು ಆ್ಯಪ್‌ನ ದಾರಿ ಇದೆ. ಆ್ಯಂಡ್ರಾಯ್ಡ್‌ಗೆ ಮಾತ್ರ. ಪುಕ್ಕಟೆ. ಎಫ್-ಡ್ರಾಯ್ಡ್ ಎಂಬ ಆ್ಯಪ್ ಅಂಗಡಿಯಿಂದ ಇಳಿಸಿಕೊಳ್ಳಬೇಕು. ಖಾತೆ ಕೇಳುವುದಿಲ್ಲ, ಲೆಕ್ಕವೆಲ್ಲ ನಿಮ್ಮ ಫೋನಿನಲ್ಲೇ ಇರುತ್ತದೆ. ಎಲ್ಲ ಬ್ಯಾಂಡ್‌ಗಳಿಗೂ ಆಗುವುದಿಲ್ಲ, ಪಟ್ಟಿ ನೋಡಿ ಹಾಕಿಕೊಳ್ಳಿ. ಶಓಮಿ, ಅಮೇಜ್‌ಫಿಟ್‌ನ ಹೊಸ ಬ್ಯಾಂಡ್‌ಗಳಿಗೆ ಒಂದು ಕೀಲಿ ಸಂಖ್ಯೆ ಬೇಕು. ಅದನ್ನು ಪಡೆಯಲು ಒಮ್ಮೆ ಕಂಪನಿ ಆ್ಯಪ್‌ಗೆ ಜೋಡಿಸಲೇಬೇಕು. ನನಗೆ ಇದು ಬಗೆಹರಿಯಲಿಲ್ಲ. ಅಳಿಯ ಒಂದು ಸಂಜೆ ಕೂತು ಮಾಡಿಕೊಟ್ಟ. ನಿಮ್ಮ ಮನೆಯಲ್ಲೂ ಅಂಥ ಹುಡುಗ ಒಬ್ಬ ಇರುತ್ತಾನೆ, ಚಹಾ ಕುಡಿಸಿ ಕೂರಿಸಿ.

ಇನ್ನು ದೂರದ ಲೆಕ್ಕ. ಜಿಪಿಎಸ್ ಇಲ್ಲದ ಬ್ಯಾಂಡ್ ನಿಮ್ಮ ಎತ್ತರ ನೋಡಿ ಹೆಜ್ಜೆಯ ಉದ್ದ ಅಂದಾಜು ಮಾಡುತ್ತದೆ. ಹೆಜ್ಜೆಯನ್ನು ಆ ಉದ್ದದಿಂದ ಗುಣಿಸಿ ಕಿಲೋಮೀಟರ್ ಹೇಳುತ್ತದೆ. ನನ್ನದು ಮೊದಲು ದಿನಕ್ಕೆ ಮೂರು ನಾಲ್ಕು ಕಿಲೋಮೀಟರ್ ಹೆಚ್ಚು ಹೇಳುತ್ತಿತ್ತು. ಓದಿ ಖುಷಿಯಾಗುತ್ತದೆ, ಆದರೆ ಸಂಜೆ ಮುಕ್ಕಾಮಿನ ಊರು ಬಂದಿರುವುದಿಲ್ಲ! ಇದಕ್ಕೆ ಪರಿಹಾರ ರಸ್ತೆ ಬದಿಯ ಕಲ್ಲು. ಜಮಖಂಡಿ ರಸ್ತೆಯಲ್ಲಿ ಬೆಳಗ್ಗೆ ಒಂದು ಕಿಲೋಮೀಟರ್ ಕಲ್ಲಿನ ಹತ್ತಿರ ನಿಂತು ಬ್ಯಾಂಡಿನ ಅಂಕಿ ಬರೆದುಕೊಂಡೆ. ಮುಂದಿನ ಕಲ್ಲಿಗೆ ಹೋಗಿ ಮತ್ತೆ ಬರೆದುಕೊಂಡೆ. 1,440 ಹೆಜ್ಜೆ. 1,000 ಮೀಟರನ್ನು 1,440ರಿಂದ ಭಾಗಿಸಿದರೆ ಸುಮಾರು 69 ಸೆಂಟಿಮೀಟರ್. ಇದೇ ನನ್ನ ಹೆಜ್ಜೆ. ಮೂರು ದಿನ ಮಾಡಿ ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು. ಕೆಲವು ಆ್ಯಪ್‌ಗಳಲ್ಲಿ ಹೆಜ್ಜೆಯ ಉದ್ದ ತುಂಬಲು ಜಾಗ ಇರುತ್ತದೆ. ಇರದಿದ್ದರೆ ಪರವಾಗಿಲ್ಲ, ನಿಮ್ಮ ಎಷ್ಟು ಹೆಜ್ಜೆಗೆ ಒಂದು ಕಿಲೋಮೀಟರ್ ಎಂದು ಬಾಯಿಪಾಠ ಮಾಡಿಕೊಳ್ಳಿ, ನನಗೆ 1,440. ಹೆಗಲ ಮೇಲೆ ಭಾರ ಇದ್ದ ದಿನ, ಮಧ್ಯಾಹ್ನ ಡಾಂಬರು ಕಾದ ಹೊತ್ತಿನಲ್ಲಿ ಹೆಜ್ಜೆ ಗಿಡ್ಡ ಆಗುತ್ತದೆ ಎಂಬುದೂ ನೆನಪಿರಲಿ.

ಈಗ ಕಂಬಿಯ ವಿಷಯ. ನಮ್ಮ ತಂಡದಲ್ಲಿ ಮಲ್ಲಯ್ಯನ ಕಂಬಿಯನ್ನು, ಅಂದರೆ ಹೆಗಲ ಮೇಲೆ ಹೊರುವ ದೇವರ ಕೋಲನ್ನು, ಸರದಿಯ ಮೇಲೆ ಹೊರುತ್ತೇವೆ. ಒಂದು ದಿನ ನನ್ನ ಸರದಿ ಬಂತು. ಎರಡು ತಾಸು ಹೊತ್ತು ನಡೆದು ಬ್ಯಾಂಡ್ ನೋಡಿದರೆ ಕೆಲವೇ ನೂರು ಹೆಜ್ಜೆ. ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ಕಂಬಿ ಹಿಡಿದ ಕೈ ಬೀಸುವುದೇ ಇಲ್ಲ, ಪಾಪ ಅದು ಏನನ್ನು ಎಣಿಸಬೇಕು? ಕೋಲು ಊರಿ ನಡೆಯುವವರಿಗೆ, ಕೈಗಾಡಿ ತಳ್ಳುವವರಿಗೆ, ಮಗುವನ್ನು ಎತ್ತಿಕೊಂಡವರಿಗೂ ಇದೇ ಗತಿ. ಇನ್ನೊಂದು ಕೈಗೆ ಕಟ್ಟಬಹುದು, ಆದರೆ ಹೆಗಲು ಬದಲಿಸುತ್ತಲೇ ಇರುತ್ತೇವೆ. ಕಾಲಿಗೆ ಕಟ್ಟೋಣ ಎಂದರೆ ಪಟ್ಟಿ ಸಾಲಲಿಲ್ಲ. ಕೊನೆಗೆ ಬ್ಯಾಂಡಿನ ಗುಂಡನ್ನು, ಅಂದರೆ ಪರದೆ ಇರುವ ಭಾಗವನ್ನು, ಪಟ್ಟಿಯಿಂದ ಬಿಡಿಸಿ, ಚಿಕ್ಕ ಬಟ್ಟೆಚೀಲದಲ್ಲಿ ಹಾಕಿ ಉಡದಾರಕ್ಕೆ ಬಿಗಿಯಾಗಿ ಕಟ್ಟಿದೆ. ನೇಕಾರನಿಗೆ ದಾರಕ್ಕೇನು ಬರ? ನೂರು ಹೆಜ್ಜೆ ಬಾಯಲ್ಲಿ ಎಣಿಸಿ ನೋಡಿದೆ, 97 ತೋರಿಸಿತು. ಸಾಕು. ಹಳೆಯ ಕಾಲದ ಹೆಜ್ಜೆ ಮೀಟರುಗಳೂ ಸೊಂಟಕ್ಕೇ ಸಿಕ್ಕಿಸುವಂಥವು. ಅಲ್ಲಿ ನಾಡಿ ಬಡಿತ ಸಿಗುವುದಿಲ್ಲ, ಆ ಸೆಟ್ಟಿಂಗ್ ತೆಗೆದುಹಾಕಿ.

ಇದರ ಉಲ್ಟಾ ತಪ್ಪು ಮನೆಯಲ್ಲಿ ಆಗುತ್ತದೆ. ನಮ್ಮ ಅಣ್ಣ ಈಗಲೂ ಕುಣಿಮಗ್ಗದಲ್ಲಿ ಕೂತು ನೇಯುತ್ತಾನೆ. ಸುಮ್ನೆ ಪರೀಕ್ಷೆಗೆ ಅವನ ಕೈಗೆ ಕಟ್ಟಿದೆ. ಲಾಳಿ ಓಡಿಸಲು ಕೈ ಎಳೆದ ಹಾಗೆಲ್ಲ ಒಂದೊಂದು ಹೆಜ್ಜೆ. ಕೂತಲ್ಲೇ ಅರ್ಧ ತಾಸಿನಲ್ಲಿ ಸಾವಿರ ದಾಟಿಸಿದ. ಅತ್ತಿಗೆ ರೊಟ್ಟಿ ಬಡಿಯುವಾಗ ಕಟ್ಟಿದರೂ ಹಾಗೆಯೇ. ಕೆಲಸದ ಹೊತ್ತಿನಲ್ಲಿ ಬಿಚ್ಚಿಡಿ, ಇಲ್ಲವಾದರೆ ಆ ಹೊತ್ತಿನ ಅಂಕಿಯನ್ನು ಕಳೆದುಬಿಡಿ. ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಎಂದು ಕೊರಗುವುದೂ ಬೇಡ. ಆ ಅಂಕಿ ಹೆಸರಾದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊ-ಕೇ’ ಎಂಬ ಹೆಜ್ಜೆ ಎಣಿಸುವ ಯಂತ್ರದಿಂದ. ಹತ್ತು ಸಾವಿರ ಹೆಜ್ಜೆಯ ಮೀಟರ್ ಎಂಬುದೇ ಆ ಹೆಸರಿನ ಅರ್ಥ. ಮಾರುವವರು ಇಟ್ಟ ಹೆಸರು, ಡಾಕ್ಟರ್ ಬರೆದುಕೊಟ್ಟ ಚೀಟಿಯಲ್ಲ.

ಬ್ಯಾಟರಿ ಉಳಿಸಬೇಕಾದರೆ ನಾಡಿ ಬಡಿತವನ್ನು ನಿಮಿಷಕ್ಕೊಮ್ಮೆ ಬದಲು ಅರ್ಧ ತಾಸಿಗೊಮ್ಮೆ ನೋಡುವಂತೆ ಮಾಡಿ. ದಿನವಿಡೀ ಆಮ್ಲಜನಕ ಅಳೆಯುವುದು, ಒತ್ತಡ ಅಳೆಯುವುದು, ಕೈ ಎತ್ತಿದಾಗ ಪರದೆ ಬೆಳಗುವುದು, ವಾಟ್ಸ್ಆ್ಯಪ್ ಬಂದರೆ ಗುಂಯ್‌ಗುಡುವುದು, ಎಲ್ಲ ಬಂದ್. ವರ್ಕೌಟ್ ಎಂಬುದನ್ನು ಇಡೀ ದಿನ ಓಡಿಸಬೇಡಿ, ಅದು ನಾಡಿಯನ್ನು ಬಿಡದೆ ನೋಡುತ್ತ ಚಾರ್ಜ್ ತಿನ್ನುತ್ತದೆ. ಬ್ಯಾಟರಿ ಪೂರ್ತಿ ಸಾಯಲು ಬಿಡಬಾರದು. ಸತ್ತು ಎದ್ದ ಬ್ಯಾಂಡಿಗೆ ತಾರೀಖು, ಸಮಯ ಮರೆತುಹೋಗಬಹುದು. ಆಗ ಬ್ಲೂಟೂತ್‌ನಲ್ಲಿ ಫೋನಿಗೆ ಸೇರಿಸಿದರೆ ಸರಿಹೋಗುತ್ತದೆ. ಪವರ್‌ಬ್ಯಾಂಕ್‌ಗೆ ಬ್ಯಾಂಡ್ ಒಂದನ್ನೇ ಹಾಕಿದರೆ ಅದು ಎಳೆಯುವ ಕರೆಂಟ್ ತೀರ ಕಡಿಮೆ. ಏನೂ ಜೋಡಿಸಿಲ್ಲ ಎಂದುಕೊಂಡು ಕೆಲವು ಪವರ್‌ಬ್ಯಾಂಕ್ ಮಲಗಿಬಿಡುತ್ತವೆ. ಜೊತೆಗೆ ಫೋನನ್ನೂ ಹಾಕಿ.

ಫೋನಿಗೆ ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ಬ್ಲೂಟೂತ್ ಮಾತ್ರ ಆನ್ ಮಾಡಿ. ಟವರ್ ಇಲ್ಲದ ಕಡೆ ಫೋನು ಅದನ್ನು ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿ ಮಾಡುತ್ತದೆ. ಜಿಪಿಎಸ್ ಉಪಗ್ರಹದಿಂದ ಬರುವುದು, ಅದಕ್ಕೆ ನೆಟ್ ಬೇಡ. ಆದರೆ ನೆಟ್ ನೆರವು ಇಲ್ಲದಾಗ ಮೊದಲ ಸಲ ಜಾಗ ಹಿಡಿಯಲು ಹೊತ್ತು ಹಿಡಿಯುತ್ತದೆ. ಬಯಲಿನಲ್ಲಿ ಕೆಲವು ನಿಮಿಷ ಸುಮ್ನೆ ನಿಲ್ಲಿ. ನಕ್ಷೆ ಖಾಲಿ ಕಂಡರೂ ನೀವು ನಡೆದ ಗೆರೆ ದಾಖಲಾಗುತ್ತಿರುತ್ತದೆ.

ನನ್ನ ಅಂಗಿ ಜೇಬಿನಲ್ಲಿ ಒಂದು ಪಾಕೆಟ್ ಬುಕ್ ಇರುತ್ತದೆ. ಬೇಸಗೆ ಎಂದು ನಾವು ನಸುಕಿನ ಮೂರಕ್ಕೇ ಹೊರಡುತ್ತೇವೆ. ಬ್ಯಾಂಡಿನ ಅಂಕಿ ರಾತ್ರಿ ಹನ್ನೆರಡಕ್ಕೆ ಸೊನ್ನೆಗೆ ಇಳಿಯುತ್ತದೆ. ಅದಕ್ಕೇ ಸಂಜೆ ದಾಸೋಹದ ಪೆಂಡಾಲಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಮುಗಿಸಿ ಮಲಗುವ ಮುಂಚೆ ಬರೆದಿಡುತ್ತೇನೆ: ತಾರೀಖು, ಊರು, ಹೆಜ್ಜೆ, ಕಾಲಿನ ಸ್ಥಿತಿ. 2025ರ ಪುಟದಲ್ಲಿ ಒಂದು ದಿನ 46,300 ಎಂದಿದೆ. 32 ಕಿಲೋಮೀಟರ್ ಆಯಿತು. ಪಕ್ಕದಲ್ಲಿ "ಎಡಗಾಲು ಬೊಬ್ಬೆ" ಎಂದಿದೆ. ಬೊಬ್ಬೆಯನ್ನು ಬ್ಯಾಂಡ್ ಹೇಳುವುದಿಲ್ಲ. ಶುಗರ್ ಇರುವವರು ಬರಿಗಾಲಲ್ಲಿ ನಡೆಯಬೇಡಿ, ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿ. ನಾನು ಈಗ ಬೂಟು ಹಾಕಿಯೇ ನಡೆಯುತ್ತೇನೆ. ಮಲ್ಲಯ್ಯ ಬೇಡ ಎಂದಿಲ್ಲ.

ವೆಂಕಟಾಪುರಂ ಬಿಟ್ಟು ನಾಗಲೂಟಿ, ಪೆದ್ದಚೆರುವು ದಾಟಿ ಭೀಮನಕೊಳ್ಳಕ್ಕೆ ಇಳಿಯುವ ಕಾಡುದಾರಿಯಲ್ಲಿ ಮಾತ್ರ ಬ್ಯಾಂಡನ್ನು ಮತ್ತೆ ಕೈಗೆ ಕಟ್ಟುತ್ತೇನೆ. ಅಲ್ಲಿ ಬೇಕಾದದ್ದು ಹೆಜ್ಜೆಯಲ್ಲ, ನಾಡಿ. ಮಣಿಕಟ್ಟಿನ ಎಲುಬಿನಿಂದ ಒಂದು ಬೆರಳು ಮೇಲೆ, ಅಲುಗದ ಹಾಗೆ ಕಟ್ಟಬೇಕು. ಬೆವರು ಒರೆಸಿಕೊಳ್ಳಬೇಕು. ಸಡಿಲ ಇದ್ದರೆ ಸುಳ್ಳು ಹೇಳುತ್ತದೆ. 220ರಿಂದ ವಯಸ್ಸು ಕಳೆದರೆ ಬಡಿತದ ಮೇಲಿನ ಮಿತಿ ಅಂದಾಜಿಗೆ ಸಿಗುತ್ತದೆ. ನನಗೆ 54, ಅಂದರೆ 166. ಭೀಮನಕೊಳ್ಳದಿಂದ ಕೈಲಾಸ ಬಾಗಿಲಿಗೆ ಏರುವ ಮೆಟ್ಟಿಲುಗಳಲ್ಲಿ 140 ಕಂಡ ಕೂಡಲೇ ಕೂತುಬಿಡುತ್ತೇನೆ. 110ಕ್ಕೆ ಇಳಿದ ಮೇಲೆ ಏಳುತ್ತೇನೆ. ಇದು ನಾನು ಹಾಕಿಕೊಂಡ ಲೆಕ್ಕ, ನಿಮ್ಮದನ್ನು ನಿಮ್ಮ ಡಾಕ್ಟರಿಗೆ ಕೇಳಿ. ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಅಂಕಿ ಎಷ್ಟೇ ಇರಲಿ, ನಿಲ್ಲಿ. ಪಕ್ಕದವರನ್ನು ಕರೆಯಿರಿ.

ಊರಿಗೆ ಬಂದ ಮೇಲೆ ನೆಟ್ ಹಾಕಿದ ಕೂಡಲೇ ಆ್ಯಪ್ "ಅಪ್‌ಡೇಟ್ ಮಾಡಿ" ಎಂದು ಅವಸರ ಮಾಡುತ್ತದೆ. ಒಪ್ಪಬೇಡಿ. ಮೊದಲು ಸಿಂಕ್ ಮುಗಿಯಲಿ, ಅಂಕಿಗಳನ್ನು ಪಾಕೆಟ್ ಬುಕ್ಕಿನ ಜೊತೆ ತಾಳೆ ನೋಡಿ, ಆಮೇಲೆ ಅಪ್‌ಡೇಟ್. ಹೋದ ಸಲ ನನ್ನ ಬುಕ್ಕಿಗೂ ಆ್ಯಪ್‌ಗೂ ಒಂದೇ ದಿನ ಹೊಂದಲಿಲ್ಲ. ಅದು ಕಂಬಿ ಹೊತ್ತ ದಿನ, ಉಡದಾರಕ್ಕೆ ಕಟ್ಟಲು ಮರೆತಿದ್ದೆ. ಆ್ಯಪ್‌ನಲ್ಲಿ 9,000 ಇದೆ. ಬುಕ್ಕಿನಲ್ಲಿ ಕಲ್ಲು ಎಣಿಸಿ ಬರೆದ 31 ಕಿಲೋಮೀಟರ್ ಇದೆ.