ಎಮ್ಯುಲೇಟರ್‌ಗೆ ತಕ್ಕ ಕಂಪ್ಯೂಟರನ್ನು ನಾನು ಆಯ್ದುಕೊಂಡ ಬಗೆ

ಕನ್ಸೋಲ್‌ಗಳ (ಟಿವಿಗೆ ಜೋಡಿಸುವ ಆಟದ ಯಂತ್ರಗಳ) ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶಗಳಾದ ಎಮ್ಯುಲೇಟರ್‌ಗಳಿಗೆಂದೇ ಒಂದು ಕಂಪ್ಯೂಟರ್ ಜೋಡಿಸಿಕೊಳ್ಳಲು ನಿರ್ಧರಿಸಿದಾಗ, ಬಿಡಿಭಾಗಗಳ ಹುಡುಕಾಟಕ್ಕೆ ಇಳಿಯುವ ಮೊದಲು ನಾನು ಆಡಬಯಸಿದ ಕನ್ಸೋಲ್‌ಗಳ ಹೆಸರುಗಳನ್ನು ಬರೆದಿಟ್ಟುಕೊಂಡೆ: ಸೂಪರ್ ನಿಂಟೆಂಡೊ, ಮೊದಲ ಪ್ಲೇಸ್ಟೇಷನ್, ಪ್ಲೇಸ್ಟೇಷನ್ 2, ಗೇಮ್‌ಕ್ಯೂಬ್, ಸಾಧ್ಯವಾದರೆ ಪ್ಲೇಸ್ಟೇಷನ್ 3. ಇಂಥದೊಂದು ಪಟ್ಟಿ ಕೈಯಲ್ಲಿಲ್ಲದೆ ‘ಎಮ್ಯುಲೇಟರ್‌ಗೆ ಎಂಥ ಕಂಪ್ಯೂಟರ್ ಬೇಕು’ ಎಂದು ಕೇಳಿದರೆ ಉಪಯುಕ್ತ ಉತ್ತರ ಸಿಗುವುದಿಲ್ಲ. 1994ರ ಮೊದಲ ಪ್ಲೇಸ್ಟೇಷನ್ನಿನ ಪ್ರೊಸೆಸರ್ ಓಡುತ್ತಿದ್ದುದು ಸುಮಾರು 34 ಮೆಗಾಹರ್ಟ್ಜ್ ವೇಗದಲ್ಲಿ. ಅದನ್ನು ಅನುಕರಿಸಲು ಇಂದಿನ ಸಾಧಾರಣ ಲ್ಯಾಪ್‌ಟಾಪ್ ಕೂಡ ಸಾಕು. 2006ರ ಪ್ಲೇಸ್ಟೇಷನ್ 3 ಮಾತ್ರ ಈಗಿನ ಒಳ್ಳೆಯ ಪ್ರೊಸೆಸರನ್ನೂ ದಣಿಸಬಲ್ಲದು.

ಹೊಸ ಆಟಗಳಿಗೆ ಕಂಪ್ಯೂಟರ್ ಕೊಳ್ಳುವವರು ಹಣದ ದೊಡ್ಡ ಪಾಲನ್ನು ಗ್ರಾಫಿಕ್ಸ್ ಕಾರ್ಡಿಗೆ ಮೀಸಲಿಡುತ್ತಾರೆ. ನಾನು ಆ ಪಾಲನ್ನು ಪ್ರೊಸೆಸರಿಗೆ ಕೊಟ್ಟೆ, ಅದರಲ್ಲೂ ಅದರೊಳಗಿನ ಒಂದೊಂದು ಕೋರ್ (ಸ್ವತಂತ್ರವಾಗಿ ಲೆಕ್ಕ ಮಾಡುವ ಘಟಕ) ಎಷ್ಟು ವೇಗವಾಗಿ ಕೆಲಸ ಮಾಡಬಲ್ಲದು ಎಂಬುದನ್ನೇ ಮುಖ್ಯವಾಗಿ ನೋಡಿದೆ. ಎಮ್ಯುಲೇಟರ್ ಬೇರೊಂದು ಯಂತ್ರದ ಸೂಚನೆಗಳನ್ನು ನಮ್ಮ ಪ್ರೊಸೆಸರಿಗೆ ಅರ್ಥವಾಗುವ ಸೂಚನೆಗಳನ್ನಾಗಿ ಮಾರ್ಪಡಿಸುತ್ತಾ, ಆ ಯಂತ್ರದ ಬೇರೆ ಬೇರೆ ಚಿಪ್‌ಗಳು ಪರಸ್ಪರ ಹೊಂದಿಕೊಂಡು ನಡೆಯುವಂತೆ ಕಾಯುತ್ತಾ, ಸೆಕೆಂಡಿಗೆ 60 ಫ್ರೇಮ್‌ಗಳ ಆಟದಲ್ಲಿ ಇದೆಲ್ಲವನ್ನೂ ಪ್ರತಿ 16.7 ಮಿಲಿಸೆಕೆಂಡಿಗೊಮ್ಮೆ ಮುಗಿಸಬೇಕು. ಒಂದು ಸೂಚನೆಯ ಫಲಿತಾಂಶವನ್ನು ಮುಂದಿನ ಸೂಚನೆ ನಂಬಿಕೊಂಡಿರುವುದರಿಂದ ಈ ಕೆಲಸವನ್ನು ಬಯಸಿದಷ್ಟು ಕೋರ್‌ಗಳಿಗೆ ಹಂಚಿಕೊಡಲು ಬರುವುದಿಲ್ಲ. ಹದಿನಾರು ನಿಧಾನದ ಕೋರ್‌ಗಳಿಗಿಂತ ಆರು ಚುರುಕಾದ ಕೋರ್‌ಗಳು ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಕಾರಣದಿಂದ. ಗಿಗಾಹರ್ಟ್ಜ್ ಸಂಖ್ಯೆಯೊಂದನ್ನೇ ನೋಡಿ ಎರಡು ತಲೆಮಾರಿನ ಪ್ರೊಸೆಸರ್‌ಗಳನ್ನು ಹೋಲಿಸಬಾರದು. ಅದೇ ಗಡಿಯಾರ ವೇಗದಲ್ಲಿ ಹೊಸ ವಿನ್ಯಾಸ ಹೆಚ್ಚು ಕೆಲಸ ಮಾಡುತ್ತದೆ. ನಾನು ನೋಡಿದ್ದು ಸಿಂಗಲ್ ಥ್ರೆಡ್ ಬೆಂಚ್‌ಮಾರ್ಕ್ ಅಂಕಗಳನ್ನು, ಅಂದರೆ ಒಂದೇ ಕೋರ್ ಒಂದು ಥ್ರೆಡ್ಡನ್ನು (ಒಂದರ ಹಿಂದೊಂದರಂತೆ ಸಾಗುವ ಕೆಲಸದ ಸರಣಿಯನ್ನು) ಎಷ್ಟು ಬೇಗ ಮುಗಿಸುತ್ತದೆ ಎಂಬ ಪರೀಕ್ಷೆಯ ಅಂಕಗಳನ್ನು.

ಪ್ಲೇಸ್ಟೇಷನ್ 2 ಈ ವಿಷಯವನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಅದರ ಎಮೋಷನ್ ಎಂಜಿನ್ ಎಂಬ ಪ್ರೊಸೆಸರಿನ ವೇಗ ಸುಮಾರು 295 ಮೆಗಾಹರ್ಟ್ಜ್, ಮುಖ್ಯ ಮೆಮೊರಿ 32 ಎಂಬಿ. ಆದರೆ ಆ ಚಿಪ್ಪಿನೊಳಗೆ ಹಲವು ಸಂಖ್ಯೆಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಎರಡು ವೆಕ್ಟರ್ ಘಟಕಗಳಿವೆ, ಪಕ್ಕದಲ್ಲಿ ಚಿತ್ರ ಬಿಡಿಸುವ ಗ್ರಾಫಿಕ್ಸ್ ಸಿಂಥಸೈಸರ್ ಚಿಪ್ ಇದೆ, ಜೊತೆಗೆ ಅದರ ದಶಮಾಂಶ ಲೆಕ್ಕಾಚಾರದ ನಿಯಮಗಳು ನಮ್ಮ ಪ್ರೊಸೆಸರ್‌ಗಳು ಪಾಲಿಸುವ ಐಇಇಇ 754 ಮಾನದಂಡಕ್ಕೆ ಪೂರ್ತಿ ಹೊಂದುವುದಿಲ್ಲ. ಪಿಸಿಎಸ್‌ಎಕ್ಸ್2 ಎಮ್ಯುಲೇಟರ್ ಮುಖ್ಯ ಪ್ರೊಸೆಸರಿನ ಅನುಕರಣೆಯನ್ನು ಒಂದು ಥ್ರೆಡ್‌ನಲ್ಲಿ, ಗ್ರಾಫಿಕ್ಸ್ ಕೆಲಸವನ್ನು ಇನ್ನೊಂದರಲ್ಲಿ, ಎಂಟಿವಿಯು ಎಂಬ ಆಯ್ಕೆಯನ್ನು ಚಾಲು ಮಾಡಿದರೆ ವೆಕ್ಟರ್ ಘಟಕವೊಂದನ್ನು ಮೂರನೆಯದರಲ್ಲಿ ನಡೆಸುತ್ತದೆ. ಆದ್ದರಿಂದ ನಾಲ್ಕು ನಿಜವಾದ ಕೋರ್‌ಗಳಿದ್ದರೆ ಸಾಕು. ಅದಕ್ಕಿಂತ ಹೆಚ್ಚಿನ ಕೋರ್‌ಗಳಿಂದ ಈ ಕನ್ಸೋಲಿನ ಮಟ್ಟಿಗೆ ಹೆಚ್ಚಿನ ಪ್ರಯೋಜನವಿಲ್ಲ. ಪ್ರೊಸೆಸರ್ ಯಾವ ಸೂಚನಾ ಗುಂಪುಗಳನ್ನು ಬೆಂಬಲಿಸುತ್ತದೆ ಎಂಬುದನ್ನೂ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಈಗಿನ ಪಿಸಿಎಸ್‌ಎಕ್ಸ್2 ಆವೃತ್ತಿಗಳು ಎಸ್‌ಎಸ್‌ಇ 4.1 ಎಂಬ ಗುಂಪು ಇಲ್ಲದ ಪ್ರೊಸೆಸರಿನಲ್ಲಿ ಓಡುವುದೇ ಇಲ್ಲ. ಎವಿಎಕ್ಸ್2 ಇದ್ದರೆ ಇನ್ನೂ ಒಳ್ಳೆಯದು.

ಕೈಯಲ್ಲಿರುವ ಯಂತ್ರ ಎಲ್ಲಿ ಸೋಲುತ್ತಿದೆ ಎಂದು ತಿಳಿಯದೆ ಹೊಸ ಬಿಡಿಭಾಗ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಪಿಸಿಎಸ್‌ಎಕ್ಸ್2ರಲ್ಲಿ ಆಟ ನಡೆಯುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಆಟದ ವೇಗ, ಪ್ರತಿ ಥ್ರೆಡ್ಡಿನ ಬಳಕೆ ಮತ್ತು ಗ್ರಾಫಿಕ್ಸ್ ಕಾರ್ಡಿನ ಬಳಕೆಯನ್ನು ಶೇಕಡಾವಾರು ಲೆಕ್ಕದಲ್ಲಿ ತೋರಿಸುವ ಸೌಲಭ್ಯವಿದೆ. ನಾನು ಅದನ್ನು ತೆರೆದಿಟ್ಟು, ಆಟದ ಅತ್ಯಂತ ಭಾರವಾದ ದೃಶ್ಯದಲ್ಲಿ, ಅಂದರೆ ಶತ್ರುಗಳು, ಹೊಗೆ, ಬೆಂಕಿ ಎಲ್ಲವೂ ಒಟ್ಟಿಗೆ ಬರುವ ಕಡೆ, ಒಂದು ಸೇವ್ ಸ್ಟೇಟ್ (ಆಟದ ಆ ಕ್ಷಣದ ಸ್ಥಿತಿಯನ್ನು ಉಳಿಸಿಡುವ ಕಡತ) ಮಾಡಿಕೊಂಡು, ಪ್ರತಿ ಬಾರಿಯೂ ಅದೇ ಜಾಗದಿಂದ ಅಳೆಯುತ್ತಿದ್ದೆ. ಆರಂಭದ ಮೆನುವಿನಲ್ಲಿ ನೂರಕ್ಕೆ ನೂರು ವೇಗ ಸಿಕ್ಕಿತೆಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಅನಂತರ ರೆಸಲ್ಯೂಶನ್ನನ್ನು ಕನ್ಸೋಲಿನ ಮೂಲ ಮಟ್ಟಕ್ಕೆ ಇಳಿಸಿ ಮತ್ತೆ ನೋಡುತ್ತಿದ್ದೆ. ವೇಗ ಏರಿದರೆ ಕೊರತೆ ಗ್ರಾಫಿಕ್ಸ್ ಕಾರ್ಡಿನದು. ಏರದೆ, ಇಇ (ಎಮೋಷನ್ ಎಂಜಿನ್) ಎಂದು ಗುರುತಿಸಿದ ಥ್ರೆಡ್ ನೂರರ ಹತ್ತಿರವೇ ನಿಂತಿದ್ದರೆ ಕೊರತೆ ಪ್ರೊಸೆಸರಿನದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಒಟ್ಟು ಪ್ರೊಸೆಸರ್ ಬಳಕೆ ಶೇಕಡಾ 25 ಎಂದು ತೋರಿಸುತ್ತಿರುವಾಗಲೂ ಆಟ ತಡವರಿಸಬಹುದು, ಏಕೆಂದರೆ ಆ 25ರೊಳಗೆ ಒಂದು ಕೋರ್ ಪೂರ್ತಿ ತುಂಬಿಹೋಗಿರುತ್ತದೆ.

ಕನ್ಸೋಲ್ ಹಳೆಯದಾದಷ್ಟೂ ಅನುಕರಣೆ ಹಗುರ ಎಂಬ ಮಾತು ಬಹುಮಟ್ಟಿಗೆ ನಿಜವಾದರೂ ನಿಖರತೆಯ ಪ್ರಶ್ನೆ ಬಂದಾಗ ಅದು ನಿಲ್ಲುವುದಿಲ್ಲ. ಸೂಪರ್ ನಿಂಟೆಂಡೊ ಪ್ರೊಸೆಸರಿನ ಗರಿಷ್ಠ ವೇಗ ಬರೀ 3.58 ಮೆಗಾಹರ್ಟ್ಜ್. ಆದರೂ ಅದರ ಪ್ರತಿಯೊಂದು ಚಿಪ್ಪಿನ ಹೆಜ್ಜೆಯನ್ನೂ ತಪ್ಪದೆ ಅನುಸರಿಸುವ ಬಿಎಸ್‌ಎನ್‌ಇಎಸ್ ಎಮ್ಯುಲೇಟರಿಗೆ 3 ಗಿಗಾಹರ್ಟ್ಜ್ ಆಸುಪಾಸಿನ ಪ್ರೊಸೆಸರ್ ಬೇಕೆಂದು ಅದನ್ನು ಬರೆದವರೇ 2011ರಲ್ಲಿ ವಿವರಿಸಿದ್ದರು. ‘ಏರ್ ಸ್ಟ್ರೈಕ್ ಪ್ಯಾಟ್ರೋಲ್’ ಆಟದಲ್ಲಿ ವಿಮಾನದ ನೆರಳು ಮೂಡುವುದು ಪರದೆಯ ಒಂದು ಸಾಲನ್ನು ಚಿತ್ರಿಸುತ್ತಿರುವ ನಡುವೆಯೇ ಮಾಡುವ ಬದಲಾವಣೆಯಿಂದ. ಸಾಲಿಗೊಮ್ಮೆ ಮಾತ್ರ ಲೆಕ್ಕ ಹಾಕುವ ಎಮ್ಯುಲೇಟರಿನಲ್ಲಿ ಆ ನೆರಳು ಕಾಣುವುದೇ ಇಲ್ಲ. ಇಂಥ ಸೂಕ್ಷ್ಮಗಳಿಗಾಗಿ ದುಡಿದವರ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಯಂತ್ರಕ್ಕೆ ಶಕ್ತಿಯಿದ್ದಲ್ಲಿ ನಾನು ಯಾವಾಗಲೂ ನಿಖರತೆಯ ಆಯ್ಕೆಯನ್ನೇ ಇಟ್ಟುಕೊಳ್ಳುತ್ತೇನೆ. ಹಲವು ಎಮ್ಯುಲೇಟರ್‌ಗಳನ್ನು ಒಂದೆಡೆ ನಡೆಸುವ ರೆಟ್ರೋಆರ್ಕ್‌ನ ರನ್-ಅಹೆಡ್ ಸೌಲಭ್ಯವೂ ಹೀಗೆಯೇ ಪ್ರೊಸೆಸರಿನ ಶಕ್ತಿಯನ್ನು ಬೇಡುತ್ತದೆ. ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಫಲ ಕಾಣುವುದಕ್ಕೂ ಇರುವ ವಿಳಂಬವನ್ನು ಕಡಿಮೆ ಮಾಡಲು ಅದು ಮುಂದಿನ ಫ್ರೇಮುಗಳನ್ನು ಮೊದಲೇ ಲೆಕ್ಕ ಹಾಕುವುದರಿಂದ ಕೆಲಸ ಇಮ್ಮಡಿಯೋ ಅದಕ್ಕಿಂತ ಹೆಚ್ಚೋ ಆಗುತ್ತದೆ.

ಗ್ರಾಫಿಕ್ಸ್ ಕಾರ್ಡಿನ ಅಗತ್ಯವನ್ನು ನಿರ್ಧರಿಸುವುದು ಬಹುಮಟ್ಟಿಗೆ ನಾವು ಬಯಸುವ ರೆಸಲ್ಯೂಶನ್. ಡಾಲ್ಫಿನ್ ಎಮ್ಯುಲೇಟರಿನಲ್ಲಿ ಗೇಮ್‌ಕ್ಯೂಬಿನ ಮೂಲ ಚಿತ್ರ 640×528 ಬಿಂದುಗಳದು. 1080ಪಿ ಪರದೆಗೆಂದು ಅದನ್ನು ಮೂರು ಪಟ್ಟು ಮಾಡಿದರೆ ಬಿಂದುಗಳ ಸಂಖ್ಯೆ ಒಂಬತ್ತು ಪಟ್ಟಾಗುತ್ತದೆ. ಇಷ್ಟಕ್ಕೆ ವಲ್ಕನ್ ಎಂಬ ಗ್ರಾಫಿಕ್ಸ್ ಇಂಟರ್‌ಫೇಸಿನ ಬೆಂಬಲವಿರುವ ಮಧ್ಯಮ ದರ್ಜೆಯ ಕಾರ್ಡ್ ಧಾರಾಳವಾಯಿತು. ಹೊಸ ದೃಶ್ಯ ಬಂದಾಗಲೆಲ್ಲ ಶೇಡರ್ (ಚಿತ್ರ ಮೂಡಿಸುವ ಕಿರು ಪ್ರೋಗ್ರಾಂ) ಸಿದ್ಧವಾಗುವವರೆಗೆ ಆಟ ಕ್ಷಣಕಾಲ ನಿಲ್ಲುವ ತೊಂದರೆಗೆ ಡಾಲ್ಫಿನ್ ತಂಡ 2017ರಲ್ಲಿ ತಂದ, ಎಲ್ಲ ದೃಶ್ಯಗಳಿಗೂ ಒಂದೇ ದೊಡ್ಡ ಶೇಡರ್ ಬಳಸುವ ಊಬರ್‌ಶೇಡರ್ ಪರಿಹಾರ ಕೂಡ ಗ್ರಾಫಿಕ್ಸ್ ಕಾರ್ಡಿನ ಮೇಲೆ ಭಾರ ಹಾಕುತ್ತದೆ. ಹಾಗಾಗಿ ಸಾಮಾನ್ಯ ಶೇಡರ್ ಸಿದ್ಧವಾಗುವವರೆಗೆ ಮಾತ್ರ ಊಬರ್‌ಶೇಡರ್ ಬಳಸುವ ಹೈಬ್ರಿಡ್ ಆಯ್ಕೆ ನನಗೆ ಸರಿಹೊಂದಿತು.

ಪ್ಲೇಸ್ಟೇಷನ್ 3 ಇವೆಲ್ಲದರಿಂದ ಬೇರೆ. ಅದರ ಸೆಲ್ ಪ್ರೊಸೆಸರಿನಲ್ಲಿ ಒಂದು ಮುಖ್ಯ ಕೋರ್ ಜೊತೆಗೆ ಆಟಗಳಿಗೆ ದೊರಕುವ ಎಸ್‌ಪಿಯು ಎಂಬ ಆರು ಸಹಾಯಕ ಲೆಕ್ಕಾಚಾರ ಘಟಕಗಳು ಒಟ್ಟಿಗೆ ದುಡಿಯುತ್ತವೆ, ಎಲ್ಲವೂ 3.2 ಗಿಗಾಹರ್ಟ್ಜ್ ವೇಗದಲ್ಲಿ. ಆರ್‌ಪಿಸಿಎಸ್3 ಎಮ್ಯುಲೇಟರಿಗೆ ಕೋರ್‌ಗಳ ಸಂಖ್ಯೆಯೂ ಬೇಕು, ವೇಗವೂ ಬೇಕು. ನಾನು ಆರು ಕೋರ್, ಹನ್ನೆರಡು ಥ್ರೆಡ್‌ಗಳ ಪ್ರೊಸೆಸರನ್ನು ಆರಿಸಿದ್ದು ಮುಖ್ಯವಾಗಿ ಇದಕ್ಕಾಗಿಯೇ. ಎವಿಎಕ್ಸ್-512 ಸೂಚನೆಗಳಿರುವ ಪ್ರೊಸೆಸರ್‌ನಲ್ಲಿ ಎಸ್‌ಪಿಯು ಅನುಕರಣೆ ಇನ್ನೂ ಚುರುಕಾಗುತ್ತದೆ. ಆಟವನ್ನು ಮೊದಲ ಸಲ ತೆರೆದಾಗ ಅದರ ಸೂಚನೆಗಳನ್ನೆಲ್ಲ ಮರುಸಂಕಲನ ಮಾಡುವುದರಿಂದ ಎಲ್ಲ ಕೋರ್‌ಗಳೂ ತುಂಬಿ ಯಂತ್ರ ಬಿಸಿಯೇರುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ರ್‍ಯಾಮ್ 16 ಜಿಬಿ ಇಟ್ಟುಕೊಂಡೆ, ಅದನ್ನೂ ಎರಡು ಕಡ್ಡಿಗಳಲ್ಲಿ. ಉಳಿದ ಕನ್ಸೋಲ್‌ಗಳಿಗೆ 8 ಜಿಬಿ ಸಾಕಾಗುತ್ತಿತ್ತು.

ಲ್ಯಾಪ್‌ಟಾಪ್‌ನಲ್ಲಿ ಇದೇ ಆಟಗಳನ್ನು ಪರೀಕ್ಷಿಸಿದಾಗ ಆರಂಭದ ಕೆಲವು ನಿಮಿಷ ಪೂರ್ತಿ ವೇಗ ಸಿಕ್ಕು, ಆಮೇಲೆ ಬಿಸಿಯಿಂದಾಗಿ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುವುದನ್ನು ಕಂಡೆ. ಲ್ಯಾಪ್‌ಟಾಪನ್ನೇ ಬಳಸುವವರು ಚಾರ್ಜರ್ ಜೋಡಿಸಿ, ಪವರ್ ಆಯ್ಕೆಯನ್ನು ಹೆಚ್ಚಿನ ಕಾರ್ಯಕ್ಷಮತೆಗೆ ಬದಲಿಸಿ, ಕನಿಷ್ಠ ಅರ್ಧ ಗಂಟೆ ಆಡಿದ ಮೇಲಿನ ವೇಗವನ್ನೇ ನಂಬಬೇಕು.

ಕೊನೆಯ ಅಗತ್ಯವೆಂದರೆ ಡಿಸ್ಕ್ ಡ್ರೈವ್. ನನ್ನ ಸ್ವಂತ ಡಿಸ್ಕ್‌ಗಳಿಂದಲೇ ಪ್ರತಿ ತೆಗೆದುಕೊಳ್ಳುವುದು ನನ್ನ ನಿಯಮವಾದ್ದರಿಂದ ಇದು ಮುಖ್ಯವಾಯಿತು. ಎರಡೂ ಹಳೆಯ ಪ್ಲೇಸ್ಟೇಷನ್‌ಗಳ ಡಿಸ್ಕ್‌ಗಳನ್ನು ಸಾಮಾನ್ಯ ಡಿವಿಡಿ ಡ್ರೈವ್ ಓದುತ್ತದೆ. ಗೇಮ್‌ಕ್ಯೂಬಿನವನ್ನು ಬಹುತೇಕ ಡ್ರೈವ್‌ಗಳು ಓದುವುದಿಲ್ಲ, ನಿಂಟೆಂಡೊದ ವೀ ಕನ್ಸೋಲಿನ ಮೂಲಕ ಪ್ರತಿ ತೆಗೆಯಬೇಕಾಗುತ್ತದೆ. ಪ್ಲೇಸ್ಟೇಷನ್ 3ರ ಡಿಸ್ಕ್‌ಗಳಿಗೆ ಕೆಲವು ಬ್ಲೂ-ರೇ ಡ್ರೈವ್‌ಗಳು ಮಾತ್ರ ಹೊಂದುತ್ತವೆ, ಆದ್ದರಿಂದ ಡ್ರೈವಿನ ಮಾದರಿ ಸಂಖ್ಯೆಯನ್ನು ಖಚಿತಪಡಿಸಿಕೊಂಡೇ ಕೊಳ್ಳಬೇಕು. ಅಂಥ ಒಂದು ಡಿಸ್ಕ್ 25ರಿಂದ 50 ಜಿಬಿವರೆಗೆ ಜಾಗ ತಿನ್ನಬಹುದಾದ್ದರಿಂದ ನಾನು ಆ ಆಟಗಳನ್ನು ಎಸ್‌ಎಸ್‌ಡಿಯಲ್ಲಿಯೂ, ಸಿಎಚ್‌ಡಿ ಮತ್ತು ಆರ್‌ವಿಝಡ್ ರೂಪದಲ್ಲಿ ಕುಗ್ಗಿಸಿದ ಹಳೆಯ ಆಟಗಳನ್ನು ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿಯೂ ಇಟ್ಟಿದ್ದೇನೆ.